ರೋಗದ ಮೂಲ ಹುಡುಕುವ ವೈದ್ಯರಿಗೆ ನಮ್ಮ ಜಿಲ್ಲೆಗಳಲ್ಲೂ ಹುದ್ದೆ ಬೇಕು

ಸಂಪಾದಕರಿಗೆ,

ಮಾನ್ಯರೇ,

ನೀಟ್ ಫಲಿತಾಂಶ ಪ್ರಕಟವಾಗಿ ವೈದ್ಯಕೀಯ ಸೀಟು ಹಂಚಿಕೆ ನಡೆಯುವ ದಿನಗಳಲ್ಲಿ ನಮ್ಮ ಭಾಗದ ಪತ್ರಿಕೆಗಳ ಪುಟಗಳು ರ‍್ಯಾಂಕ್ ಪಡೆದ ಮಕ್ಕಳ ಭಾವಚಿತ್ರಗಳಿಂದ ತುಂಬಿರುತ್ತವೆ. ಮುಂದೇನು ಓದುವಿರಿ ಎಂದು ಕೇಳಿದರೆ ಬರುವ ಉತ್ತರಗಳು ಹೃದ್ರೋಗ, ನರರೋಗ, ರೇಡಿಯಾಲಜಿ, ಚರ್ಮರೋಗ ಇಷ್ಟರಲ್ಲೇ ಮುಗಿಯುತ್ತವೆ. ಒಂದೇ ಮನೆತನದಲ್ಲಿ ಒಂದೇ ಬೇನೆ ತಲೆಮಾರಿನಿಂದ ತಲೆಮಾರಿಗೆ ಏಕೆ ಇಳಿದು ಬರುತ್ತದೆ ಎಂಬುದನ್ನು ಆಸ್ಪತ್ರೆಯ ವಾರ್ಡಿನಲ್ಲೂ ಪ್ರಯೋಗಾಲಯದಲ್ಲೂ ಹುಡುಕುವುದೇ ಜೀವಮಾನದ ವೃತ್ತಿಯಾಗಬಲ್ಲದು ಎಂಬ ಸಂಗತಿ ಮಕ್ಕಳಿಗಾಗಲಿ ಪಾಲಕರಿಗಾಗಲಿ ತಿಳಿದಂತಿಲ್ಲ. ವಿಜಯಪುರದಲ್ಲಿ ಪದವಿಪೂರ್ವ ವಿದ್ಯಾರ್ಥಿಗಳಿಗೆ, ತಂದೆ ತಾಯಿಯ ಗುಣಗಳು ಮಕ್ಕಳಿಗೆ ಇಳಿಯುವ ನಿಯಮಗಳನ್ನು ಕಂಡುಕೊಂಡ ಮೆಂಡೆಲ್‌ನ ಬಟಾಣಿ ಗಿಡಗಳ ಪಾಠ ಮಾಡುತ್ತಲೇ ನಿವೃತ್ತಳಾದ ನಾನು ಇಂಥ ವೈದ್ಯ-ವಿಜ್ಞಾನಿಗಳ ವೃತ್ತಿಯ ಬಗ್ಗೆ, ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ಅದಕ್ಕೆ ಸಿಗಬೇಕಾದ ನೆಲೆಯ ಬಗ್ಗೆ ಬರೆಯಲು ಬಯಸುತ್ತೇನೆ.

ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ ನೋಡಿದ ಕೆಲವು ಮಕ್ಕಳ ಮೂತ್ರ ಗಾಳಿ ತಾಗಿದರೆ ಕಪ್ಪಾಗುತ್ತಿತ್ತು. ಆಲ್ಕ್ಯಾಪ್ಟೊನ್ಯೂರಿಯಾ ಎಂಬ ಈ ತೊಂದರೆಗೆ ಕರುಳಿನ ಸೋಂಕೇ ಕಾರಣವೆಂದು ಆಗ ಹಲವರು ತಿಳಿದಿದ್ದರು. ಅಂಥ ಮಗುವಿದ್ದ ಮನೆಯೊಂದರಲ್ಲಿ ಮತ್ತೊಂದು ಹೆರಿಗೆಯಾದಾಗ, ಕೂಸಿನ ಬಟ್ಟೆಗಳನ್ನು ಹುಟ್ಟಿದಂದಿನಿಂದಲೇ ಗಮನಿಸುವ ವ್ಯವಸ್ಥೆಯನ್ನು ಅವರು ಮಾಡಿದರು. ಕೆಲವೇ ದಿನಗಳಲ್ಲಿ ಕಪ್ಪು ಕಲೆ ಕಾಣಿಸಿತು. ತೊಂದರೆ ಹುಟ್ಟಿನೊಂದಿಗೇ ಬಂದದ್ದೆಂಬುದು ಖಚಿತವಾಯಿತು. ತಂದೆ ತಾಯಿ ರಕ್ತಸಂಬಂಧಿಗಳೇ ಎಂದು ವಿಚಾರಿಸಿದರೆ ಅನೇಕ ಮನೆಗಳಿಂದ ಹೌದೆಂಬ ಉತ್ತರವೇ ಬಂದಿತು. ಮೆಂಡೆಲ್‌ನ ನಿಯಮಗಳು ಮರಳಿ ಬೆಳಕಿಗೆ ಬಂದ ಎರಡೇ ವರ್ಷಗಳಲ್ಲಿ, 1902ರಲ್ಲಿ, ಗ್ಯಾರಡ್ ಅವುಗಳ ಮೂಲಕ ಮನುಷ್ಯನ ಒಂದು ಕಾಯಿಲೆಯನ್ನು ವಿವರಿಸಿದರು. ಅದಕ್ಕೆ ಕಾರಣವಾದ ವಂಶವಾಹಿ ಪತ್ತೆಯಾದದ್ದು 1996ರಲ್ಲಿ. ದೊಡ್ಡ ಯಂತ್ರಗಳಿಲ್ಲದೆ ನಮ್ಮ ಊರುಗಳಲ್ಲಿ ಇಂಥ ಕೆಲಸ ಆಗದು ಎನ್ನುವವರು ಈ ತೊಂಬತ್ತನಾಲ್ಕು ವರ್ಷಗಳ ಅಂತರವನ್ನು ದಯವಿಟ್ಟು ಗಮನಿಸಬೇಕು.

ನಮ್ಮ ಹೆಣ್ಣುಮಕ್ಕಳು ತಿಳಿಯಬೇಕೆಂದು ನಾನು ವಿಶೇಷವಾಗಿ ಬಯಸುವುದು ಡಾ. ಹೆಲೆನ್ ಹಾಬ್ಸ್ ಅವರ ವೃತ್ತಿಜೀವನವನ್ನು. ಅಮೆರಿಕದ ಡಲ್ಲಾಸ್‌ನಲ್ಲಿ ವೈದ್ಯಕೀಯ ತರಬೇತಿ ಪಡೆಯುತ್ತಿದ್ದ ಅವರು ಹಿರಿಯ ಪ್ರಾಧ್ಯಾಪಕರೊಬ್ಬರ ಸಲಹೆಯಂತೆ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರ ಪ್ರಯೋಗಾಲಯವನ್ನು ಸೇರಿದರು. ಇವರಿಬ್ಬರೂ ಮೂಲತಃ ವೈದ್ಯರೇ. ಎಳೆಯ ವಯಸ್ಸಿನಲ್ಲೇ ಹೃದಯಾಘಾತಕ್ಕೆ ತುತ್ತಾಗುವ, ಹತ್ತು ಲಕ್ಷಕ್ಕೊಬ್ಬರಂತೆ ಹುಟ್ಟುವ ಮಕ್ಕಳ ಚರ್ಮದ ಜೀವಕೋಶಗಳನ್ನು ಬೆಳೆಸಿ ನೋಡಿ, ರಕ್ತದಲ್ಲಿನ ಕೊಲೆಸ್ಟ್ರಾಲನ್ನು ಒಳಗೆಳೆದುಕೊಳ್ಳುವ, ಜೀವಕೋಶದ ಮೇಲಿನ ಗ್ರಾಹಕ ಎಂಬ ಪ್ರೊಟೀನಿನಲ್ಲೇ ದೋಷವಿದೆಯೆಂದು ತೋರಿಸಿದ್ದಕ್ಕಾಗಿ 1985ರಲ್ಲಿ ಇವರಿಗೆ ನೊಬೆಲ್ ಬಂದಿತು. ಇಂದು ಕೋಟ್ಯಂತರ ಜನ ರಾತ್ರಿ ಊಟವಾದ ಮೇಲೆ ನುಂಗುವ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಅರ್ಥವಾದದ್ದು ಆ ಅಪರೂಪದ ಮಕ್ಕಳ ಅಧ್ಯಯನದಿಂದ. ಹಾಬ್ಸ್ ಅವರು ಇದೇ ಪ್ರಶ್ನೆಯನ್ನು ಮತ್ತೊಂದು ತುದಿಯಿಂದ ಹಿಡಿದರು. ಡಲ್ಲಾಸ್ ಕೌಂಟಿಯ ಸುಮಾರು 3,500 ನಿವಾಸಿಗಳನ್ನು ಒಳಗೊಂಡು 2000ದಲ್ಲಿ ಆರಂಭವಾದ ಹೃದಯ ಅಧ್ಯಯನದಲ್ಲಿ ಅವರು ಜೊನಾಥನ್ ಕೊಹೆನ್ ಅವರೊಡನೆ ಕೆಟ್ಟ ಕೊಲೆಸ್ಟ್ರಾಲ್ ಅತಿ ಕಡಿಮೆ ಇರುವವರನ್ನು ಹುಡುಕಿದರು. ಅಲ್ಲಿನ ಕಪ್ಪು ವರ್ಣೀಯರಲ್ಲಿ ನೂರಕ್ಕೆ ಸುಮಾರು ಇಬ್ಬರಲ್ಲಿ ಪಿಸಿಎಸ್‌ಕೆ9 ಎಂಬ ವಂಶವಾಹಿಯ ಎರಡು ಪ್ರತಿಗಳಲ್ಲಿ (ತಂದೆಯಿಂದ ಒಂದು, ತಾಯಿಯಿಂದ ಒಂದು) ಒಂದು ಕೆಲಸ ಮಾಡುತ್ತಿರಲಿಲ್ಲ. ಹದಿನೈದು ವರ್ಷಗಳ ಕಾಲ ಜನರನ್ನು ಗಮನಿಸಿದ್ದ ಇನ್ನೊಂದು ಅಧ್ಯಯನದ ದಾಖಲೆಗಳಲ್ಲಿ ಅವರು ಅಂಥವರನ್ನೇ ಹುಡುಕಿದಾಗ, ಕೆಟ್ಟ ಕೊಲೆಸ್ಟ್ರಾಲ್ ಶೇ 28ರಷ್ಟು ಕಡಿಮೆ ಇದ್ದದ್ದೂ ಹೃದ್ರೋಗ ಶೇ 88ರಷ್ಟು ಕಡಿಮೆ ಆಗಿದ್ದದ್ದೂ 2006ರಲ್ಲಿ ಪ್ರಕಟವಾಯಿತು. ಎರಡೂ ಪ್ರತಿ ಕೆಲಸ ಮಾಡದ 32 ವರ್ಷದ ಮಹಿಳೆಯೊಬ್ಬರೂ ಪತ್ತೆಯಾದರು. ಸಾಮಾನ್ಯವಾಗಿ ನೂರರ ಆಸುಪಾಸಿನಲ್ಲಿರುವ ಈ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್ ಅವರಲ್ಲಿ ಕೇವಲ 14 ಇತ್ತು, ಆದರೂ ಅವರು ಸಂಪೂರ್ಣ ಆರೋಗ್ಯವಂತರಾಗಿದ್ದರು. ಈ ವಂಶವಾಹಿ ತಯಾರಿಸುವ ಪ್ರೊಟೀನನ್ನು ಔಷಧದಿಂದ ತಡೆದರೆ ಅಪಾಯವಿರಲಾರದು ಎಂಬ ಧೈರ್ಯ ಔಷಧ ತಯಾರಕರಿಗೆ ಬರುವಲ್ಲಿ ಈ ಮಹಿಳೆಯ ಪಾತ್ರ ದೊಡ್ಡದು. 2015ರಲ್ಲಿ ಅಮೆರಿಕದಲ್ಲಿ ಅಂಥ ಎರಡು ಚುಚ್ಚುಮದ್ದುಗಳಿಗೆ ಒಪ್ಪಿಗೆ ದೊರೆಯಿತು.

ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಒಂದು ಜಿಲ್ಲೆಯಂತೆಯೇ. ಹಾಗಿರುವಾಗ ನಮ್ಮ ಮೂರು ಜಿಲ್ಲೆಗಳ ಸ್ಥಿತಿಯನ್ನು ನೋಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ವಿವಾಹಿತ ಮಹಿಳೆಯರ ಪೈಕಿ ನಾಲ್ವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿ ರಕ್ತಸಂಬಂಧದಲ್ಲೇ ಮದುವೆಯಾದವರು. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮನೆಗೆ ಹೆಣ್ಣು ಕೊಡುವುದು ನಮ್ಮಲ್ಲಿ ಪ್ರೀತಿಯಿಂದ, ಹೊಲಮನೆ ಒಡೆಯಬಾರದೆಂಬ ವಿವೇಚನೆಯಿಂದ ನಡೆದುಬಂದ ಪದ್ಧತಿ. ಅದನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಇಂಥ ಮದುವೆಗಳಲ್ಲಿ ಹುಟ್ಟುವ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಗಂಡ ಹೆಂಡತಿ ಇಬ್ಬರೂ ಒಂದೇ ದೋಷವನ್ನು ತಮಗೆ ಕಾಯಿಲೆಯಿಲ್ಲದೆಯೇ ಹೊತ್ತ ವಾಹಕರಾಗುವ ಸಂಭವ ಹೆಚ್ಚುವುದರಿಂದ, ಬೇರೆಡೆ ಅಪರೂಪವಾದ ಕಾಯಿಲೆಗಳು ನಮ್ಮ ಮನೆಗಳಲ್ಲಿ ಕಾಣಿಸಿಕೊಳ್ಳುತ್ತವೆ. 1980ರ ದಶಕದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ರಾಜ್ಯದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಇಂಥ ಕಾಯಿಲೆಗಳಿಗಾಗಿ ಪರೀಕ್ಷಿಸಿದ್ದರು.

ನಮ್ಮ ನಾಡಿಗೇ ವಿಶಿಷ್ಟವಾದ ಇನ್ನೊಂದು ಸಂಪತ್ತು ಹೆಳವರ ವಂಶಾವಳಿ. ಎತ್ತಿನ ಮೇಲೆ ಕುಳಿತು ಊರಿಗೆ ಬಂದು, ಮನೆಯ ಅಂಗಳದಲ್ಲಿ ಮನೆತನದ ಹಿರಿಯರ ಹೆಸರುಗಳನ್ನು ಹಾಡಿನಂತೆ ಹೇಳಿ, ಹೊಸದಾಗಿ ಹುಟ್ಟಿದವರನ್ನು ಹೊತ್ತಿಗೆಯಲ್ಲಿ ಬರೆದುಕೊಂಡು, ಕಾಳುಕಡಿ ಪಡೆದು ಮುಂದಿನ ಮನೆಗೆ ಹೋಗುವ ಅವರನ್ನು ಈ ಭಾಗದ ಹಿರಿಯರೆಲ್ಲ ಬಲ್ಲರು. ತಳಿವಿಜ್ಞಾನದ ವೈದ್ಯರು ಕಾಗದದ ಮೇಲೆ ಮೊದಲು ಬಿಡಿಸುವುದೂ ಮೂರು ತಲೆಮಾರಿನ ವಂಶನಕ್ಷೆಯನ್ನೇ. ಹೆಳವರ ದಾಖಲೆ ರೋಗಕ್ಕಾಗಿ ಬರೆದದ್ದಲ್ಲವಾದ್ದರಿಂದ ಅದೊಂದೇ ಸಾಲದು. ತಾಯಿಯ ಕಡೆಯ ವಿವರವನ್ನು ಮನೆಯ ಅಜ್ಜಿಯರಿಂದ ಕೇಳಿ ತಿಳಿಯಬೇಕು. ಆ ಕೇಳುವಿಕೆ ನಮ್ಮ ಮಾತಿನಲ್ಲೇ ನಡೆಯಬೇಕು, ಕೇಳುವವರು ಮುಂದಿನ ವರ್ಷವೂ ಇಲ್ಲೇ ಸಿಗುವವರಾಗಿರಬೇಕು.

ಇದು ಏಕೆ ಮುಖ್ಯ ಎಂಬುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಸೋದರಮಾವನಿಗೇ ಕೊಟ್ಟಿದ್ದರು. ಮೊದಲ ಮಗುವಿಗೆ ಥಲಸ್ಸೀಮಿಯಾ ಎಂಬ ವಂಶಪಾರಂಪರ್ಯ ರಕ್ತದ ಕಾಯಿಲೆಯೆಂದು ತಿಳಿದಾಗ, ನಾಲ್ಕರಲ್ಲಿ ಒಂದು ಮಗುವಿಗೆ ಹೀಗಾಗಬಹುದು ಎಂದು ದೊಡ್ಡ ಊರಿನ ಆಸ್ಪತ್ರೆಯಲ್ಲಿ ಅವಸರದಲ್ಲಿ ಹೇಳಿ ಕಳಿಸಿದರು. ಒಂದಂತೂ ಆಯಿತು, ಇನ್ನು ಮೂರು ಗಟ್ಟಿಮುಟ್ಟಾಗಿರುತ್ತವೆ ಎಂದೇ ಮನೆಯವರು ಅರ್ಥ ಮಾಡಿಕೊಂಡರು. ಪ್ರತಿ ಬಸಿರಿನಲ್ಲೂ ಸಂಭವ ಅಷ್ಟೇ ಇರುತ್ತದೆಂದು, ಗರ್ಭದಲ್ಲಿರುವಾಗಲೇ ಪರೀಕ್ಷಿಸಲು ಬರುತ್ತದೆಂದು ಕುಳಿತು ವಿವರಿಸುವವರು ಅವರಿಗೆ ಸಿಗಲಿಲ್ಲ. ಎರಡನೆಯ ಮಗುವೂ ಈಗ ಕೆಲವು ವಾರಗಳಿಗೊಮ್ಮೆ ರಕ್ತ ಹಾಕಿಸಿಕೊಳ್ಳುತ್ತಿದೆ. ದೋಷ ತಂದೆ ತಾಯಿ ಇಬ್ಬರಿಂದಲೂ ಬಂದದ್ದಾದರೂ ಬೈಗುಳವೆಲ್ಲ ತಾಯಿಯ ಪಾಲಿಗೇ ಬಂದಿತು. ಇದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಸಂಶೋಧನೆ ನಡೆಸುವ ಶಕ್ತಿ ನಮ್ಮ ಭಾಗಕ್ಕಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಾಣಂತಿಯರ ಅತಿಯಾದ ರಕ್ತಸ್ರಾವವನ್ನು ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ನೆರವಾಗುವುದೇ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಹಸಂಶೋಧಕರೊಡನೆ ನಡೆಸಿದ ಈ ಅಧ್ಯಯನದಲ್ಲಿ 1,620 ಮಹಿಳೆಯರು ಪಾಲ್ಗೊಂಡಿದ್ದರು. ಮಾತ್ರೆ ಕೊಟ್ಟವರು ನಮ್ಮ ಹಳ್ಳಿಗಳ ಎಎನ್ಎಂ ಸಿಸ್ಟರುಗಳೇ. ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಜಗತ್ತೇ ಗಮನಿಸಿತು.

ಕೊರತೆ ಇರುವುದು ವೈದ್ಯರ ಸಮಯದಲ್ಲಿ ಮತ್ತು ಅವರ ಬದುಕಿನ ಭದ್ರತೆಯಲ್ಲಿ. ಎಂಬಿಬಿಎಸ್‌ಗೆ ಐದೂವರೆ, ಎಂಡಿಗೆ ಮೂರು, ವೈದ್ಯಕೀಯ ತಳಿವಿಜ್ಞಾನದ ಡಿಎಂ ಎಂಬ ಉನ್ನತ ಪದವಿಗೆ ಮತ್ತೆ ಮೂರು ವರ್ಷ. ಆಮೇಲಷ್ಟೇ ಸಂಶೋಧನೆ ಶುರು. ಅಷ್ಟರಲ್ಲಿ ಜೊತೆಗೆ ಓದಿದವರು ಸ್ವಂತ ನರ್ಸಿಂಗ್ ಹೋಮ್ ಕಟ್ಟಿಸಿರುತ್ತಾರೆ. ಕಾಲೇಜು ಸೇರಿದರೂ ಬೆಳಗ್ಗೆ ಒಪಿಡಿ, ಮಧ್ಯಾಹ್ನ ಪಾಠ, ನಡುವೆ ತಪಾಸಣಾ ತಂಡಕ್ಕೆ ಕಡತ ಜೋಡಿಸುವ ಕೆಲಸ. ಬಡ್ತಿಗಾಗಿ ಬರೆಯುವ ಲೇಖನಗಳು ಅವಸರದವೇ ಆಗುತ್ತವೆ. ಅಮೆರಿಕದಲ್ಲೂ ಇಂಥ ವೈದ್ಯರು ಅಳಿವಿನ ಅಂಚಿನಲ್ಲಿದ್ದಾರೆ ಎಂದು ಅಲ್ಲಿನ ವೈದ್ಯ-ವಿಜ್ಞಾನಿ ಜೇಮ್ಸ್ ವಿನ್‌ಗಾರ್ಡನ್ 1979ರಲ್ಲೇ ಎಚ್ಚರಿಸಿದ್ದರು. ನಮ್ಮಲ್ಲಿ 2008ರಿಂದ ಡಿಬಿಟಿ–ವೆಲ್‌ಕಮ್ ಟ್ರಸ್ಟ್ ಇಂಡಿಯಾ ಅಲಯನ್ಸ್ ವೈದ್ಯ ಸಂಶೋಧಕರಿಗೆ ಫೆಲೋಶಿಪ್ ಕೊಡುತ್ತಿದೆ, 2019ರಲ್ಲಿ ಕೇಂದ್ರ ಸರ್ಕಾರ ಆನುವಂಶಿಕ ಕಾಯಿಲೆಗಳಿಗಾಗಿ ಉಮ್ಮೀದ್ ಕಾರ್ಯಕ್ರಮ ಆರಂಭಿಸಿದೆ, ಹತ್ತು ಸಾವಿರ ಭಾರತೀಯರ ಜೀನೋಮ್ (ಇಡೀ ವಂಶವಾಹಿಗಳ) ಮಾಹಿತಿ 2025ರ ಜನವರಿಯಿಂದ ಸಂಶೋಧಕರಿಗೆ ತೆರೆದಿದೆ. ಇವೆಲ್ಲ ನಮ್ಮ ಜಿಲ್ಲೆಗಳಿಗೆ ದಕ್ಕಬೇಕಾದರೆ ಅವನ್ನು ಬಳಸುವ ವೈದ್ಯರು ಇಲ್ಲಿ ಇರಬೇಕು.

ಆದ್ದರಿಂದ ಮೂರೂ ಜಿಲ್ಲೆಗಳ ವೈದ್ಯಕೀಯ ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ಮತ್ತು ರಾಜ್ಯದ ವೈದ್ಯಕೀಯ ಶಿಕ್ಷಣ ಇಲಾಖೆಯಲ್ಲಿ ನನ್ನ ಕೋರಿಕೆಯಿದು. ಪ್ರತಿ ಕಾಲೇಜಿನಲ್ಲಿ ಕನಿಷ್ಠ ಒಬ್ಬ ವೈದ್ಯ-ವಿಜ್ಞಾನಿಯ ಹುದ್ದೆಯನ್ನು ಸೃಷ್ಟಿಸಿ, ವಾರದ ಅರ್ಧ ಭಾಗವನ್ನು ಸಂಶೋಧನೆಗೇ ಮೀಸಲೆಂದು ನೇಮಕಾತಿ ಪತ್ರದಲ್ಲಿಯೇ ಬರೆದುಕೊಡಬೇಕು. ಅವರೊಡನೆ ಕನ್ನಡದಲ್ಲಿ ತಾಳ್ಮೆಯಿಂದ ತಿಳಿಹೇಳುವ ಒಬ್ಬ ಆಪ್ತ ಸಮಾಲೋಚಕರಿರಬೇಕು. ರಕ್ತದ ಮಾದರಿಗಳು ಬೆಂಗಳೂರಿಗೋ ಮಣಿಪಾಲಕ್ಕೋ ಹೋಗಲಿ, ಕುಟುಂಬಗಳು ಅಲೆಯುವುದು ಬೇಡ. ಒಂದೇ ಮನೆತನವನ್ನು ವರ್ಷಗಟ್ಟಲೆ ಗಮನಿಸಬೇಕಾದ ಕೆಲಸವಾದ್ದರಿಂದ ನೇಮಕಾತಿ ಕನಿಷ್ಠ ಹತ್ತು ವರ್ಷದ್ದಾಗಿರಬೇಕು, ವರ್ಷಕ್ಕಿಷ್ಟು ಲೇಖನ ಎಂಬ ಲೆಕ್ಕವನ್ನು ಅವರ ಮೇಲೆ ಹೇರಬಾರದು. ಮೊದಲ ಹುದ್ದೆಯನ್ನು ಮಕ್ಕಳ ವಿಭಾಗದಲ್ಲೇ ತೆರೆಯುವುದು ಸೂಕ್ತ, ಏಕೆಂದರೆ ಈ ಕುಟುಂಬಗಳು ಮಗುವನ್ನೆತ್ತಿಕೊಂಡು ಮೊದಲು ಬರುವುದು ಅಲ್ಲಿಗೆ.

ಇತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ,
ವಿಜಯಪುರ