ಶಾಲೆಯ ನಾಟಕದ ಕೋಣೆಗೊಂದು ಗ್ರಂಥಾಲಯ ಕೊಡಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಸರ್, ನಾನು ನಿವೃತ್ತ ಕನ್ನಡ ಶಿಕ್ಷಕಿ, ತಮ್ಮ ಕ್ಷೇತ್ರದ ಮತದಾರಳು. ಬಳ್ಳಾರಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಈಗಲೂ ಶನಿವಾರ ಮಕ್ಕಳಿಗೆ ನಾಟಕ ಕಲಿಸುತ್ತೇನೆ. ಖಾಲಿ ಬಿದ್ದಿದ್ದ ಒಂದು ಕೊಠಡಿಯನ್ನು ಹೆಡ್‌ಮಾಸ್ಟರ್ ನಮಗೆ ಬಿಟ್ಟುಕೊಟ್ಟಿದ್ದಾರೆ. ಬೆಂಚು ತೆಗೆದು ನೆಲಕ್ಕೆ ಜಮಖಾನೆ ಹಾಸಿಕೊಂಡಿದ್ದೇವೆ. ಆ ಕೋಣೆಗೆ ಒಂದು ಗ್ರಂಥಾಲಯ ಬೇಕು ಎಂದು ಕೇಳಲು ಈ ಪತ್ರ. ಇದು ನಮ್ಮ ಒಂದೇ ಶಾಲೆಯ ಕೊರತೆ ಅಲ್ಲ. ಸುತ್ತಲಿನ ಊರುಗಳ ಶಿಕ್ಷಕರೂ ಪಾಲಕರೂ ಓದಲಿ, ತಮ್ಮ ಮಾತನ್ನೂ ಸೇರಿಸಲಿ ಅಂತ ಎಲ್ಲರೆದುರೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾವು ಕಟ್ಟಡ ಕೇಳುತ್ತಿಲ್ಲ. ನಾಟಕಕ್ಕೆ ಏನಾದರೂ ಮಾಡಿ ಎಂದರೆ ಸಾಮಾನ್ಯವಾಗಿ ಬರುವ ಉತ್ತರ ಬಯಲು ರಂಗಮಂದಿರ. ಎಸ್ಟಿಮೇಟ್ ಆಗುತ್ತದೆ, ಟೆಂಡರ್ ಆಗುತ್ತದೆ, ಉದ್ಘಾಟನೆಯ ಕಲ್ಲು ಕೂರುತ್ತದೆ. ಆಮೇಲೆ ಆ ಕಟ್ಟೆಯ ಮೇಲೆ ಮಕ್ಕಳು ಏನು ಆಡಬೇಕು, ಯಾವ ಪುಸ್ತಕ ಹಿಡಿದು ತಾಲೀಮು ಮಾಡಬೇಕು ಅಂತ ಯಾರೂ ಕೇಳುವುದಿಲ್ಲ. ಕಟ್ಟೆ ಇಲ್ಲದಿದ್ದರೂ ನಾಟಕ ಆಗುತ್ತದೆ ಸರ್. ಬೇವಿನ ಮರದ ಕೆಳಗೆ ಆಗುತ್ತದೆ, ಕಾರಿಡಾರಿನಲ್ಲಿ ಆಗುತ್ತದೆ. ಆಡಲು ನಾಟಕವೇ ಇಲ್ಲದಿದ್ದರೆ ಮಾತ್ರ ಆಗುವುದಿಲ್ಲ.

ಡಿಸೆಂಬರ್ ಬಂದರೆ ವಾರ್ಷಿಕೋತ್ಸವದ ಗಡಿಬಿಡಿ ಶುರು. ಬೇರೆ ಶಾಲೆಗಳಿಂದ ನನಗೆ ಫೋನ್ ಬರುತ್ತದೆ. "ಮೇಡಂ, ಇಪ್ಪತ್ತು ನಿಮಿಷದ ನಾಟಕ ಇದ್ರೆ ಕಳಿಸ್ರಿ, ನಮ್ಮಲ್ಲಿ ಹೆಣ್ಣುಮಕ್ಕಳು ಜಾಸ್ತಿ ಇದ್ದಾರೆ." ನನ್ನ ಹತ್ತಿರ ಇರುವುದು ಜೆರಾಕ್ಸಿನ ಜೆರಾಕ್ಸ್. ಕೆಲವಕ್ಕೆ ಕೊನೆಯ ಪುಟ ಇಲ್ಲ. ಕೆಲವಕ್ಕೆ ಬರೆದವರ ಹೆಸರೇ ಇಲ್ಲ. ಹುಡುಕಿ ಹುಡುಕಿ ಸಾಕಾದ ಶಿಕ್ಷಕರು ಕೊನೆಗೆ ಒಂದು ಸಿನಿಮಾ ಹಾಡಿಗೆ ಡ್ಯಾನ್ಸ್ ಹಾಕಿಸಿ ಮುಗಿಸುತ್ತಾರೆ. ಅವರನ್ನು ದೂರಬಾರದು. ಪಾಠ ಮುಗಿಸಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಆನ್‌ಲೈನ್ ಮಾಹಿತಿ ತುಂಬಬೇಕು. ಅದರ ನಡುವೆ ನಾಟಕ ಹುಡುಕಿಕೊಂಡು ಊರೂರು ಅಲೆಯಲು ಆಗುತ್ತದಾ?

ಪುಸ್ತಕದ ಅಂಗಡಿಯಲ್ಲಿ ಮಕ್ಕಳ ನಾಟಕ ಸಿಗುವುದಿಲ್ಲವೇ ಎಂದು ತಾವು ಕೇಳಬಹುದು. ಸಿಗುತ್ತವೆ. ಕುವೆಂಪು ಅವರಿಂದ ವೈದೇಹಿ ಅವರವರೆಗೆ ನಮ್ಮ ದೊಡ್ಡ ಲೇಖಕರೇ ಮಕ್ಕಳಿಗಾಗಿ ನಾಟಕ ಬರೆದಿದ್ದಾರೆ. ಆದರೆ ತರಗತಿಯ ಲೆಕ್ಕ ಬೇರೆ. ಒಂದು ಪೀರಿಯಡ್ ನಲವತ್ತು ನಿಮಿಷ, ಕೋಣೆಯಲ್ಲಿ ನಲವತ್ತು ಮಕ್ಕಳು. ಐದು ಪಾತ್ರದ ನಾಟಕ ಹಿಡಿದುಕೊಂಡರೆ ಮಿಕ್ಕ ಮೂವತ್ತೈದು ಮಕ್ಕಳು ಸುಮ್ನೆ ಗೋಡೆಗೆ ಒರಗಿ ಕೂರಬೇಕು. ಇಡೀ ತರಗತಿಗೆ ಕೆಲಸ ಕೊಡುವ, ಮೇಳ ಇರುವ ನಾಟಕಗಳು ಬೇಕು. ಇಬ್ಬರೇ ಆಡುವ ಪುಟ್ಟ ದೃಶ್ಯಗಳು ಬೇಕು. ನಾಚಿಕೆಯ ಮಗು ಮೊದಲ ದಿನ ಓದಿ ನೋಡಬಹುದಾದ ಹತ್ತು ಸಾಲಿನ ಮಾತುಗಳು ಬೇಕು. ರಂಗದ ಆಟಗಳ ಪುಸ್ತಕ ಬೇಕು. ಮುಖ್ಯವಾಗಿ, ಒಂದೊಂದು ನಾಟಕಕ್ಕೂ ಹತ್ತು ಹದಿನೈದು ಪ್ರತಿ ಬೇಕು. ಶಾಲೆಯ ಗ್ರಂಥಾಲಯಕ್ಕೆ ನಾಟಕದ ಪುಸ್ತಕ ಬಂದರೂ ಒಂದೇ ಪ್ರತಿ ಬರುತ್ತದೆ. ಅದನ್ನು ಒಬ್ಬ ಹುಡುಗ ಮನೆಗೆ ಒಯ್ದರೆ ಅಂದಿನ ತಾಲೀಮು ನಿಂತಿತು.

ಪುಸ್ತಕ ಇದ್ದರೂ ಸಾಲದು, ಬೇಕಾದಾಗ ಸಿಗಬೇಕು. ಸಾಮಾನ್ಯ ಗ್ರಂಥಾಲಯದಲ್ಲಿ ಲೇಖಕರ ಹೆಸರಿನಿಂದ ಹುಡುಕುತ್ತೇವೆ. ನಾಟಕದ ಶಿಕ್ಷಕರು ಹಾಗೆ ಹುಡುಕುವುದಿಲ್ಲ. ಎಷ್ಟು ಪಾತ್ರ, ಎಷ್ಟು ನಿಮಿಷ, ಹಾಡು ಇದೆಯೇ, ಎಂಟನೇ ಕ್ಲಾಸಿಗೆ ಆಗುತ್ತದೆಯೇ, ಯಾವ ಪಾಠಕ್ಕೆ ಹೊಂದುತ್ತದೆ ಅಂತ ನೋಡುತ್ತಾರೆ. ಅದಕ್ಕೆ ತಕ್ಕ ರಿಜಿಸ್ಟರ್ ಬೇಕು. ಆಡಿದ ಮಕ್ಕಳೇ ನಾಟಕ ಮುಗಿದ ಮೇಲೆ ಒಂದು ಪುಟ ಬರೆದು ಪುಸ್ತಕದ ಜೊತೆ ಇಡಬೇಕು: ಎಲ್ಲಿ ಕಷ್ಟ ಆಯಿತು, ಎಲ್ಲಿ ಜನ ನಕ್ಕರು, ಯಾವ ಸಾಮಾನು ಯಾವುದರಿಂದ ಮಾಡಿಕೊಂಡೆವು. ಮುಂದಿನ ವರ್ಷದ ಮಕ್ಕಳಿಗೆ ಆ ಒಂದು ಪುಟ ಮುನ್ನುಡಿಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನ್ನ ಮಾತು ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಸಹಿಸಿಕೊಳ್ಳಿ.

ಬಳ್ಳಾರಿ ನಾಟಕಕ್ಕೆ ಹೊಸ ಊರಲ್ಲ. ಧರ್ಮವರಂ ರಾಮಕೃಷ್ಣಮಾಚಾರ್ಯರು ಇಲ್ಲಿ ಸರಸ ವಿನೋದಿನಿ ಸಭೆ ಕಟ್ಟಿದರು. ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭೆ ಕಟ್ಟಿದರು. ಇಬ್ಬರೂ ವಕೀಲರು, ಇಬ್ಬರೂ ನಾಟಕಕಾರರು. ಇವರ ಬೆನ್ನಿಗೆ ಬಂದವರು ನಟ ಬಳ್ಳಾರಿ ರಾಘವ. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡರು. ಅವರೂ ವಕೀಲರೇ. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಪಾತ್ರ ಮಾಡಿದರು. ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಲಿ ಎಂದು ಆ ಕಾಲದಲ್ಲೇ ಒತ್ತಾಯಿಸಿದರು. ಅವರ ಹೆಸರಿನ ಕಲಾಮಂದಿರದ ಮುಂದೆ ನಮ್ಮ ಮಕ್ಕಳು ಓಡಾಡುತ್ತಾರೆ. ರಾಘವ ಯಾರು ಎಂದು ಕೇಳಿ ನೋಡಿ, ಹೇಳುವವರು ಕಡಿಮೆ. ಹೇಳಿಕೊಡಲು ಶಾಲೆಯಲ್ಲಿ ಒಂದು ಫೋಟೋ ಇಲ್ಲ, ಒಂದು ಪುಸ್ತಕ ಇಲ್ಲ.

ಹತ್ತಿರದ ಹೆಸರುಗಳನ್ನೇ ತೆಗೆದುಕೊಳ್ಳಿ. ಜೋಳದರಾಶಿ ದೊಡ್ಡನಗೌಡರು ನಮ್ಮ ತಾಲ್ಲೂಕಿನವರೇ, ಗಮಕಿ, ನಟ, ನಾಟಕಕಾರ. ರಂಗಗೀತೆ ಅಂದರೆ ನೆನಪಾಗುತ್ತಿದ್ದ ಸುಭದ್ರಮ್ಮ ಮನ್ಸೂರು 2020ರಲ್ಲಿ ಹೋದರು. ತೊಗಲು ಗೊಂಬೆಗಳನ್ನು ಹಿಡಿದು ನಾಡೆಲ್ಲ ಸುತ್ತಿದ ಬೆಳಗಲ್ಲು ವೀರಣ್ಣನವರು 2023ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲು ಗೊಂಬೆಯಾಟಕ್ಕಾಗಿಯೇ 2025ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿ ಬಂದಾಗ ನಾವೆಲ್ಲ ಸಂಭ್ರಮಿಸಿದೆವು. ಆದರೆ ನಮ್ಮ ಎಷ್ಟು ಮಕ್ಕಳು ಒಂದು ತೊಗಲು ಗೊಂಬೆಯನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, ಪರದೆಯ ಮೇಲೆ ಅದರ ಬಣ್ಣ ನೋಡಿದ್ದಾರೆ?

ಇನ್ನು ಬಯಲಾಟ. ನಮ್ಮ ಹಳ್ಳಿಗಳಲ್ಲಿ ದೊಡ್ಡಾಟ ಎಂಬ ಬಯಲಾಟ ಕಲಿಸುವ ಮಾಸ್ತರರ ಹತ್ತಿರ ಕೈಬರಹದ ನೋಟ್‌ಬುಕ್ಕುಗಳು ಇರುತ್ತವೆ. ಗುರುವಿನ ಪ್ರತಿ ನೋಡಿ ಶಿಷ್ಯ ಬರೆದುಕೊಂಡದ್ದು, ಅದನ್ನು ನೋಡಿ ಅವನ ಶಿಷ್ಯ ಬರೆದುಕೊಂಡದ್ದು. ಪದ, ಮಾತು, ಆಟ ನಡೆಸಿಕೊಡುವ ಸಾರಥಿ ಯಾವಾಗ ಬರಬೇಕು, ಮದ್ದಳೆ ಎಲ್ಲಿ ಏರಬೇಕು ಎಲ್ಲ ಅದರಲ್ಲೇ. ಮಾಸ್ತರರು ತೀರಿಕೊಂಡ ಮೇಲೆ ಆ ಪುಸ್ತಕಗಳು ಅಟ್ಟ ಸೇರುತ್ತವೆ. ಬಳ್ಳಾರಿಯ ಗೆದ್ದಲು ತಮಗೂ ಗೊತ್ತಿದೆ. ಆಮೇಲೆ ಮನೆ ರಿಪೇರಿಯ ಹೊತ್ತಿಗೆ ರದ್ದಿಗೆ ಹೋಗುತ್ತವೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಅಜ್ಜನ ಅಂಥ ಒಂದು ಪುಸ್ತಕವನ್ನು ಸೀರೆಯ ತುಂಡಿನಲ್ಲಿ ಸುತ್ತಿ ನಮ್ಮ ಕೋಣೆಗೆ ತಂದಳು. ಅಂಚೆಲ್ಲ ಉದುರುತ್ತಿತ್ತು. ಮೊಬೈಲಿನಲ್ಲಿ ಪುಟ ಪುಟವೂ ಫೋಟೋ ತೆಗೆದುಕೊಂಡು ಪುಸ್ತಕವನ್ನು ವಾಪಸ್ ಕಳಿಸಿದೆವು. ಇಟ್ಟುಕೊಳ್ಳಲು ನಮ್ಮ ಬಳಿ ಬೀಗ ಇರುವ ಬೀರು ಇರಲಿಲ್ಲ. ಸರ್, ಈ ಕೆಲಸ ಇನ್ನು ತಡವಾದರೆ ಆಗುವುದೇ ಇಲ್ಲ. ಹಿರಿಯ ಕಲಾವಿದರು ಇರುವಾಗಲೇ ಅವರನ್ನು ಶಾಲೆಗೆ ಕರೆಸಿ, ಅವರ ಒಪ್ಪಿಗೆ ಪಡೆದು, ಹಾಡು ಮಾತು ಕುಣಿತ ರೆಕಾರ್ಡ್ ಮಾಡಿ ಇಡಬೇಕು. ಬಂದವರಿಗೆ ಗೌರವಧನ ಕೊಡಬೇಕು. ಶಾಲು ಹೊದಿಸಿ ಕಳಿಸಿದರೆ ಸಾಲದು.

ಭಾಷೆಯ ಮಾತೂ ಇದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೂ ಮೊದಲಿಂದ ಇಂದಿನವರೆಗೆ ಇಲ್ಲಿನ ಮನೆಗಳಲ್ಲಿ ಕನ್ನಡದ ಜೊತೆ ತೆಲುಗು, ಉರ್ದು ಇವೆ. ತರಗತಿಯಲ್ಲಿ ಮಾತನಾಡಲು ಹಿಂಜರಿಯುವ ಮಗು ಮನೆಮಾತಿನಲ್ಲಿ ಒಂದು ದೃಶ್ಯ ಆಡಿದ ಮೇಲೆ ಕನ್ನಡದ ಪಾತ್ರವನ್ನೂ ಧೈರ್ಯವಾಗಿ ಹಿಡಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಕಪಾಟಿನಲ್ಲಿ ಆ ಭಾಷೆಗಳ ನಾಟಕಗಳೂ ಇರಲಿ. ರಾಘವ ಅವರ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ನಾಟಕದ ಗ್ರಂಥಾಲಯ ಅಂದರೆ ಪುಸ್ತಕ ಮಾತ್ರ ಅಲ್ಲ. ಒಂದು ಟ್ರಂಕಿನಲ್ಲಿ ಬಟ್ಟೆ, ಒಂದರಲ್ಲಿ ಮುಖವಾಡ, ಒಂದರಲ್ಲಿ ಕೋಲು, ಕನ್ನಡಕ, ಹಳೇ ಫೋನು, ಲಾಟೀನು, ಛತ್ರಿಯಂಥ ಸಾಮಾನು. ಡೋಲಕ್, ತಾಳ, ಒಂದು ಹಾರ್ಮೋನಿಯಂ. ಸಣ್ಣ ಸ್ಪೀಕರ್, ಒಂದು ಹಾರ್ಡ್ ಡಿಸ್ಕ್. ಕೂರಲೂ ನಿಲ್ಲಲೂ ಬರುವ ಆರೆಂಟು ಮರದ ಪೆಟ್ಟಿಗೆಗಳು. ಅವನ್ನೇ ಜೋಡಿಸಿದರೆ ಸಿಂಹಾಸನ, ಬಸ್ಸು, ಬಾವಿಕಟ್ಟೆ ಎಲ್ಲ ಆಗುತ್ತದೆ. ಎಲ್ಲವನ್ನೂ ದುಡ್ಡು ಕೊಟ್ಟೇ ತರಬೇಕು ಅಂತಲೂ ಇಲ್ಲ. ನಮ್ಮ ಊರು ಜೀನ್ಸ್ ಹೊಲಿಯುವ ಊರು. ಎಷ್ಟೋ ಮಕ್ಕಳ ತಂದೆತಾಯಿ ಅಲ್ಲೇ ಕೆಲಸ ಮಾಡುತ್ತಾರೆ. ಉಳಿದ ತುಂಡು ಬಟ್ಟೆಯಿಂದ ಮಕ್ಕಳು ಸೊಗಸಾದ ಕವಚ, ಭುಜಕೀರ್ತಿ, ಪ್ರಾಣಿಗಳ ಮುಖ ಮಾಡುತ್ತಾರೆ. ದಪ್ಪ ಬಟ್ಟೆ, ಬೇಗ ಹರಿಯುವುದಿಲ್ಲ. ಒಂದು ದಿನದ ಬಾಡಿಗೆಗೆ ಮಿಂಚುವ ಡ್ರೆಸ್ ತರುವುದಕ್ಕಿಂತ ಇದು ಎಷ್ಟೋ ಮೇಲು.

ಹಕ್ಕಿನ ಬಗ್ಗೆ ಅಧಿಕಾರಿಗಳು ಕೇಳಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಶಾಲೆಯ ಚಟುವಟಿಕೆಯ ಭಾಗವಾಗಿ ಶಿಕ್ಷಕರು, ವಿದ್ಯಾರ್ಥಿಗಳು ನಾಟಕ ಆಡಿದರೆ, ನೋಡುವವರು ಶಾಲೆಯವರು ಮತ್ತು ಪಾಲಕರಷ್ಟೇ ಆಗಿದ್ದರೆ, ಅದು ಹಕ್ಕಿನ ಉಲ್ಲಂಘನೆ ಆಗುವುದಿಲ್ಲ. ಲೇಖಕರು ತೀರಿಕೊಂಡು 60 ವರ್ಷ ದಾಟಿದರೆ ಆ ಕೃತಿ ಎಲ್ಲರದು. 1912ರಲ್ಲಿ ತೀರಿಕೊಂಡ ಧರ್ಮವರಂ ಅವರ, 1919ರಲ್ಲಿ ತೀರಿಕೊಂಡ ಕೋಲಾಚಲಂ ಅವರ ನಾಟಕಗಳನ್ನು ಯಾವ ಶಾಲೆಯಾದರೂ ಅಚ್ಚು ಹಾಕಿಸಿ ಹಂಚಬಹುದು. ಈಗಿನ ಲೇಖಕರ ಪುಸ್ತಕಗಳನ್ನು ಮಾತ್ರ ಜೆರಾಕ್ಸ್ ಮಾಡದೆ ಕೊಂಡೇ ತರಬೇಕು. ಬರೆಯುವವರು ಬದುಕಬೇಕಲ್ಲ.

ಇನ್ನು ದುಡ್ಡು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲಾ ಗ್ರಂಥಾಲಯಕ್ಕೆ, ಶಾಲೆಯ ಹಂತ ನೋಡಿ, ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಇದೆ. ಎಲ್ಲ ವಿಷಯದ ಪುಸ್ತಕವೂ ಅದರಲ್ಲೇ ಬರಬೇಕು, ನಾಟಕಕ್ಕೆ ಉಳಿಯುವುದು ಏನೂ ಇಲ್ಲ. ಆದರೆ ನಮ್ಮ ಜಿಲ್ಲೆಗೆ ಬೇರೆ ದಾರಿಗಳಿವೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಅದರ ಕ್ರಿಯಾ ಯೋಜನೆ ತಯಾರಾಗುವಾಗ ತಮ್ಮ ಮಾತಿಗೆ ತೂಕ ಇದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ಅದನ್ನು ಆದ್ಯತೆಯಿಂದ ಬಳಸಬೇಕಾದ ಕ್ಷೇತ್ರಗಳಲ್ಲಿ ಶಿಕ್ಷಣವೂ ಒಂದು. ಈ ನೆಲದ ಅದಿರು ಅಗೆದು ಬಂದ ಹಣದಲ್ಲಿ ಈ ನೆಲದ ಆಟ, ಹಾಡು ಉಳಿಸಲು ಒಂದು ಪಾಲು ಕೇಳುವುದು ತಪ್ಪಲ್ಲ. ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಗ್ರಂಥಾಲಯ ಕರ ಕಟ್ಟುತ್ತೇವೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ ವರ್ಷಕ್ಕೊಮ್ಮೆಯಾದರೂ ನಾಟಕದ ಪುಸ್ತಕಗಳನ್ನು ಸೆಟ್ ಲೆಕ್ಕದಲ್ಲಿ ಶಾಲೆಗೆ ಎರವಲು ಕೊಡುವಂತೆ ತಾವು ಹೇಳಬಹುದು.

ನನ್ನ ಅಂದಾಜಿನಲ್ಲಿ ಒಂದು ಕೋಣೆಗೆ ಮೊದಲ ವರ್ಷ ಒಂದೂವರೆ ಲಕ್ಷ ರೂಪಾಯಿ ಸಾಕು. ಅದರಲ್ಲಿ ಎರಡು ಸ್ಟೀಲ್ ಬೀರು, ಟ್ರಂಕುಗಳು, ಪುಸ್ತಕದ ಸೆಟ್ಟುಗಳು, ವಾದ್ಯ, ರೆಕಾರ್ಡಿಂಗ್, ಕಲಾವಿದರ ಗೌರವಧನ ಎಲ್ಲ ಬರುತ್ತದೆ. ಆಮೇಲೆ ವರ್ಷ ವರ್ಷವೂ 25,000 ಬರುತ್ತಿರಬೇಕು. ಈ ಎರಡನೇ ಮಾತೇ ಮುಖ್ಯ. ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಫೋಟೋ ತೆಗೆಸಿಕೊಂಡು ಹೋದರೆ ಮೂರನೇ ವರ್ಷಕ್ಕೆ ಡೋಲಕ್ಕಿನ ಚರ್ಮ ಹರಿದಿರುತ್ತದೆ, ಪುಸ್ತಕ ಬೀರಿನಲ್ಲೇ ಇರುತ್ತದೆ, ಬೀಗದ ಕೈ ವರ್ಗವಾಗಿ ಹೋದ ಶಿಕ್ಷಕರ ಹತ್ತಿರ ಇರುತ್ತದೆ. ಅದಕ್ಕೇ ಒಬ್ಬ ಶಿಕ್ಷಕರಿಗೆ ಲಿಖಿತವಾಗಿ ಜವಾಬ್ದಾರಿ ಕೊಡಿಸಿ. ಅದಕ್ಕಾಗಿ ವಾರಕ್ಕೆ ಎರಡು ಪೀರಿಯಡ್ ಬಿಡಿಸಿ. ಮಕ್ಕಳದೇ ಒಂದು ಸಮಿತಿ ರಿಜಿಸ್ಟರ್ ನೋಡಿಕೊಳ್ಳಲಿ. ಅವರು ನಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಒಂದು ಶಾಲೆಯಲ್ಲಿ ಶುರುವಾದದ್ದು ಅಲ್ಲೇ ನಿಲ್ಲಬಾರದು. ಕ್ಲಸ್ಟರಿನ ಇತರ ಶಾಲೆಗಳು ಟ್ರಂಕನ್ನು ಎರಡು ವಾರಕ್ಕೆ ಒಯ್ದು ವಾಪಸ್ ಕೊಡಲಿ. ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳು ಹೇಗೂ ಶಾಲೆಯಿಂದ ಶಾಲೆಗೆ ಓಡಾಡುತ್ತಾರೆ. ವಿಜ್ಞಾನ ನಾಟಕ ಸ್ಪರ್ಧೆಗೆ ಹೊರಡುವ ಶಾಲೆಗಳೂ ಇಲ್ಲಿಗೇ ಬರಲಿ.

ನನ್ನ ಬೇಡಿಕೆ ಇಷ್ಟು ಸರ್. ಬರುವ ಕ್ರಿಯಾ ಯೋಜನೆಯಲ್ಲಿ ಶಾಲಾ ನಾಟಕ ಗ್ರಂಥಾಲಯ ಅಂತ ಒಂದು ಸಾಲು ಸೇರಿಸಿ. ಕ್ಷೇತ್ರದಲ್ಲಿ ಮೊದಲು ಒಂದು ಸರ್ಕಾರಿ ಪ್ರೌಢಶಾಲೆ ಆರಿಸಿ. ನಮ್ಮದೇ ಆಗಬೇಕೆಂಬ ಹಟ ಇಲ್ಲ. ಆರಿಸುವ ಮೊದಲು ಕ್ಷೇತ್ರ ಶಿಕ್ಷಣಾಧಿಕಾರಿಗಳು, ಗ್ರಂಥಾಲಯದವರು, ಇಬ್ಬರು ಮೂವರು ಬಯಲಾಟದ ಮಾಸ್ತರರು, ನಾಟಕ ಕಲಿಸುವ ಶಿಕ್ಷಕರನ್ನು ಒಂದು ಸಂಜೆ ಕೂರಿಸಿ ಮಾತನಾಡಿ. ಬೇಕಾದ ಸಾಮಾನಿನ ಪಟ್ಟಿ, ಪುಸ್ತಕಗಳ ಪಟ್ಟಿ, ರಿಜಿಸ್ಟರಿನ ಮಾದರಿ ನಾನು ಬರೆದಿಟ್ಟಿದ್ದೇನೆ. ತಮ್ಮ ಕಚೇರಿಗೆ ಯಾವ ದಿನ ತರಬೇಕು ಎಂದು ತಿಳಿಸಿದರೆ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ,
ಬಳ್ಳಾರಿ ತಾಲ್ಲೂಕು