ಟ್ರಂಕಿನ ಬಣ್ಣ: ನಗೆ ಬರೆಯಹೊರಟ ಹವಾಲ್ದಾರನಿಗೊಂದು ಪತ್ರ

ಟಿಳಕವಾಡಿ, ಬೆಳಗಾವಿ

ಪ್ರೀತಿಯ ತಮ್ಮನಿಗೆ ಆಶೀರ್ವಾದಗಳು.

ನೀನು ಕಳಿಸಿದ ಹನ್ನೆರಡು ಪುಟಗಳನ್ನು ಎರಡು ಸಲ ಓದಿದೆ. ಮೊದಲ ಸಲ ನಿನ್ನ ಅಪ್ಪನ ಗೆಳೆಯನಾಗಿ ಓದಿದೆ. ಎರಡನೆಯ ಸಲ, ನಲವತ್ತು ವರ್ಷ ನಗೆಬರಹವನ್ನೇ ನೆಚ್ಚಿಕೊಂಡು ಬಂದವನಾಗಿ ಪೆನ್ಸಿಲ್ ಹಿಡಿದು ಓದಿದೆ. ಹದಿನೇಳು ವರ್ಷ ಸೇನೆಯಲ್ಲಿ ದುಡಿದು ಹವಾಲ್ದಾರನಾಗಿ ಊರಿಗೆ ಮರಳಿದ ನೀನು, ನಿನ್ನ ಜೊತೆಗಾರರೆಲ್ಲ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವ ಕೆಲಸ ಹುಡುಕುತ್ತಿರುವಾಗ, ಮೈಕಿನ ಮುಂದೆ ನಿಂತು ಜನರನ್ನು ನಗಿಸುತ್ತೇನೆಂದು ಹೊರಟಿದ್ದೀಯ. ಮನೆಯವರ ಆತಂಕ ನನಗೆ ಅರ್ಥವಾಗುತ್ತದೆ, ನಿನ್ನ ಹಟವೂ ಅರ್ಥವಾಗುತ್ತದೆ. ಹೋಗಬೇಕೋ ಬೇಡವೋ ಎಂಬುದನ್ನು ನೀನು ಆಗಲೇ ತೀರ್ಮಾನಿಸಿರುವುದರಿಂದ ಆ ಚರ್ಚೆಗೆ ನಾನು ಕೈಹಾಕುವುದಿಲ್ಲ. ಬರೆದದ್ದರ ಬಗ್ಗೆಯಷ್ಟೇ ಹೇಳುತ್ತೇನೆ.

ಹನ್ನೆರಡರಲ್ಲಿ ಹನ್ನೊಂದು ಪುಟಗಳನ್ನು ತೆಗೆದುಹಾಕು. ಹೆಂಡತಿಗೆ ಹೆದರುವ ಸೈನಿಕ, ರಮ್ಮಿನ ಬಾಟಲಿಗಾಗಿ ಬೆನ್ನು ಬೀಳುವ ಬೀಗರು, ಇಂಗ್ಲಿಷ್ ತಿಳಿಯದೆ ಪೇಚಿಗೆ ಸಿಕ್ಕ ಜವಾನ, ಇವರೆಲ್ಲ ಮೊಬೈಲಿನಿಂದ ಮೊಬೈಲಿಗೆ ಅಲೆಯುತ್ತ ನಿನ್ನ ಕಾಗದಕ್ಕೂ ಬಂದವರು. ಇವರಿಗೆ ನೀನು ಸಮವಸ್ತ್ರ ತೊಡಿಸಿದ್ದೀಯ, ಅಷ್ಟೇ. ಒಂದು ದಿನವೂ ಸೇನೆಯಲ್ಲಿ ಇರದವನೂ ಇವನ್ನು ಬರೆಯಬಲ್ಲ. ಆದರೆ ಒಂಬತ್ತನೆಯ ಪುಟದಲ್ಲಿ, ಬಹುಶಃ ನಿನಗೇ ಗೊತ್ತಾಗದಂತೆ, ನಾಲ್ಕು ಸಾಲು ಬರೆದಿದ್ದೀಯ. ನೀನು ನಿವೃತ್ತನಾಗಿ ತಂದ ಕರಿ ಟ್ರಂಕಿನಲ್ಲಿ ಅವ್ವ ಜೋಳ ತುಂಬಿಟ್ಟಿದ್ದಾಳೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಿನ್ನ ನಂಬರು, ಹುದ್ದೆ, ಹೆಸರು ಹಾಗೆಯೇ ಇವೆ. ರೊಟ್ಟಿಗೆ ಹಿಟ್ಟು ಬೀಸಲು ಕೊಡುವ ದಿನ ಅವ್ವ ಸೊಸೆಗೆ ಹೇಳುತ್ತಾಳೆ: “ಫೌಜಿನ್ಯಾಗಿಂದ ಎರಡ ಸೇರ ಜ್ವಾಳಾ ತಗೊಂಬಾ.” ಇದನ್ನು ಓದಿ ನಾನು ಒಬ್ಬನೇ ಕೂತು ಗಟ್ಟಿಯಾಗಿ ನಕ್ಕೆ, ಆಮೇಲೆ ಬಹಳ ಹೊತ್ತು ಮುಂದಿನ ಸಾಲಿಗೆ ಹೋಗಲಿಲ್ಲ. ನಿನ್ನ ಬರಹ ಅಲ್ಲಿಂದ ಶುರುವಾಗಬೇಕು.

ಯಾಕೆ ಹೀಗೆ ಹೇಳುತ್ತೇನೆಂದರೆ, ಟ್ರಂಕಿನ ವಿಷಯದಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ನನಗಾಗ ಮೂವತ್ತು ದಾಟಿರಲಿಲ್ಲ. ಬೈಲಹೊಂಗಲದ ಕಡೆಯ ಒಂದು ಹಳ್ಳಿಯ ಜಾತ್ರೆಯಲ್ಲಿ ನಗೆ ಭಾಷಣಕ್ಕೆ ಕರೆದಿದ್ದರು. ರಜೆಗೆ ಬಂದ ಸೈನಿಕನ ಹಸಿರು ಟ್ರಂಕಿನ ಸುತ್ತ ಊರೆಲ್ಲ ನೆರೆಯುವ ಒಂದು ಪ್ರಸಂಗವನ್ನು ಕಲ್ಪಿಸಿಕೊಂಡು ಹೇಳಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಡಗಡೆಯ ಬೇವಿನ ಕಟ್ಟೆಯ ಮೇಲೆ ಕೂತಿದ್ದ ಏಳೆಂಟು ಮಂದಿ ಮಾತ್ರ ನಗಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಅವರಲ್ಲೊಬ್ಬ ಹಿರಿಯರು, ನಿವೃತ್ತ ಸುಬೇದಾರರು, ನನ್ನ ಬಳಿ ಬಂದು ಕೈಮುಗಿದು ಹೇಳಿದರು: “ಛಲೋ ಮಾತಾಡಿದ್ರಿ ಸಾಹೇಬ್ರ. ಆದರ ಟ್ರಂಕ್ ಹಸರ ಇರೂದಿಲ್ರಿ, ಕರೀದ ಇರತೈತಿ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಬರುವಾಗ ನನಗೆ ಹೊಳೆಯಿತು: ಆ ರಾತ್ರಿ ನಕ್ಕವರೆಲ್ಲ ಗೊತ್ತಿಲ್ಲದವರು, ಗೊತ್ತಿದ್ದವರು ಸುಮ್ಮನೆ ಕೂತಿದ್ದರು. ಆ ಕಟ್ಟೆಯ ಮೇಲಿನವರನ್ನು ನಗಿಸಿದ್ದರೆ ಉಳಿದವರು ತಾವಾಗಿಯೇ ನಗುತ್ತಿದ್ದರು. ಯಾರ ಬದುಕನ್ನು ಹೇಳುತ್ತೇವೆಯೋ ಅವರು ಮೊದಲು ನಗಬೇಕು. ಇಷ್ಟು ವರ್ಷಗಳಲ್ಲಿ ಈ ಕಸುಬಿನ ಬಗ್ಗೆ ನನಗೆ ಖಾತ್ರಿಯಾಗಿ ತಿಳಿದಿರುವುದು ಇದೊಂದೇ, ಈ ಪತ್ರವೂ ಅದಕ್ಕಾಗಿಯೇ.

ನಿನ್ನ ಹಾದಿ ಹೊಸದೇನಲ್ಲ, ಸೇನೆಯಿಂದ ನಗೆಯ ವೇದಿಕೆಗೆ ಬಂದವರು ಹಲವರಿದ್ದಾರೆ. ಅವರಲ್ಲಿ ನನಗೆ ಅತ್ಯಂತ ಹತ್ತಿರದವನು ಸ್ಪೈಕ್ ಮಿಲಿಗನ್. ಹುಟ್ಟಿದ್ದು 1918ರಲ್ಲಿ, ನಮ್ಮಿಂದ ತೀರಾ ದೂರವಲ್ಲದ ಅಹಮದ್‌ನಗರದಲ್ಲಿ. ತಂದೆ ಬ್ರಿಟಿಷರ ಸೇನೆಯಲ್ಲಿದ್ದುದರಿಂದ ಹುಡುಗನ ಬಾಲ್ಯ ಪುಣೆಯಲ್ಲೂ ರಂಗೂನಿನಲ್ಲೂ ಕಳೆಯಿತು. ಎರಡನೆಯ ಮಹಾಯುದ್ಧದಲ್ಲಿ ತೋಪಿನ ದಳದ ಸಿಪಾಯಿಯಾಗಿ ಉತ್ತರ ಆಫ್ರಿಕಾಕ್ಕೂ ಇಟಲಿಗೂ ಹೋದ. ಟ್ಯುನೀಸಿಯಾದಲ್ಲಿ ಇವರ ದಳದ ಭಾರೀ ತೋಪೊಂದು ಗುಡ್ಡದ ಅಂಚಿನಿಂದ ಜಾರಿ ಕೆಳಗೆ ಬಿತ್ತು. ಅದನ್ನು ಹುಡುಕುತ್ತ ಇಳಿದ ಮಿಲಿಗನ್, ಕೆಳಗಿದ್ದ ಬೇರೆ ದಳದವರನ್ನು “ಇಲ್ಲೆಲ್ಲಾದರೂ ಒಂದು ತೋಪು ಕಂಡಿರಾ?” ಎಂದು ಕೇಳಿದನಂತೆ. ಆ ತೋಪು ಬಿದ್ದ ಜಾಗದ ತೀರ ಹತ್ತಿರವೇ ಇದ್ದ ಹ್ಯಾರಿ ಸೀಕಂಬ್ ಎಂಬ ಸಿಪಾಯಿ “ಯಾವ ಬಣ್ಣದ್ದು?” ಎಂದು ಮರುಪ್ರಶ್ನೆ ಹಾಕಿದನಂತೆ. ಇವರಿಬ್ಬರೂ ಮುಂದೆ ಪೀಟರ್ ಸೆಲರ್ಸ್ ಜೊತೆಗೂಡಿ 1951ರಿಂದ 1960ರವರೆಗೆ ಬಿಬಿಸಿ ರೇಡಿಯೋದಲ್ಲಿ ನಡೆಸಿದ ನಗೆ ಕಾರ್ಯಕ್ರಮ ಇಂಗ್ಲಿಷ್ ಹಾಸ್ಯದ ದಿಕ್ಕನ್ನೇ ಬದಲಿಸಿತು.

“ಯಾವ ಬಣ್ಣದ್ದು?” ಎಂಬ ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನೋಡು. ಎಮ್ಮೆ ಕಳೆದುಕೊಂಡವನು ನಮ್ಮೂರ ಅಗಸಿಯ ಬಾಗಿಲಲ್ಲಿ ವಿಚಾರಿಸಿದರೆ ಕೂತವರು ಮೊದಲು ಕೇಳುವುದು ಇದನ್ನೇ. ಸಾವು ಕೂದಲೆಳೆಯಷ್ಟು ಪಕ್ಕದಲ್ಲಿ ಹಾದುಹೋದ ಹೊತ್ತಿನಲ್ಲಿ, ಹಾದುಹೋದದ್ದನ್ನು ತಪ್ಪಿಸಿಕೊಂಡ ದನವೆಂಬಂತೆ ವಿಚಾರಿಸಿಕೊಳ್ಳುವುದರಲ್ಲಿ ಆ ನಗೆ ಇದೆ. ನಗಿಸಬೇಕೆಂದು ಹೆಣೆದ ಒಂದು ಶಬ್ದವೂ ಅದರಲ್ಲಿಲ್ಲ. ನಿನ್ನ ಅವ್ವ ಟ್ರಂಕಿನಿಂದ ಜೋಳ ತೆಗೆಸುವುದೂ ಹೀಗೆಯೇ, ಅವಳು ನಿನ್ನನ್ನು ನಗಿಸಲು ಆ ಮಾತಾಡಲಿಲ್ಲ.

ಮಿಲಿಗನ್‌ನ ಕಥೆಯ ಇನ್ನೊಂದು ಭಾಗವನ್ನೂ ನೀನು ತಿಳಿದಿರಬೇಕು. 1944ರ ಜನವರಿಯಲ್ಲಿ ಇಟಲಿಯ ಕದನದಲ್ಲಿ ಮಾರ್ಟರ್ ಗುಂಡಿನಿಂದ ಗಾಯಗೊಂಡ, ಮನಸ್ಸೂ ಮುರಿಯಿತು. ಆಸ್ಪತ್ರೆಯಿಂದ ಮರಳಿದವನ ತೋಳಿನ ಮೇಲಿದ್ದ ಹುದ್ದೆಯ ಪಟ್ಟಿಯನ್ನೂ ಕಿತ್ತುಕೊಂಡರು. ಆ ಗಾಯ ಬದುಕಿನುದ್ದಕ್ಕೂ ಖಿನ್ನತೆಯಾಗಿ ಅವನನ್ನು ಕಾಡಿತು. ಯುದ್ಧದ ನೆನಪುಗಳನ್ನು ಬರೆದು ಪ್ರಕಟಿಸತೊಡಗಿದ್ದು 1971ರಲ್ಲಿ, ಬರೆಯುತ್ತ ಹೋದಂತೆ ಅವು ಏಳು ಸಂಪುಟಗಳಾದವು. ಅವನು ತನ್ನ ಹೆದರಿಕೆಯನ್ನು ಮುಚ್ಚಿಟ್ಟು ನಗಿಸಿದವನಲ್ಲ. ನಿನ್ನ ಹನ್ನೆರಡು ಪುಟಗಳಲ್ಲಿ ನೀನು ಎಲ್ಲಿಯೂ ಹೆದರಿಲ್ಲ, ಎಲ್ಲಿಯೂ ಅತ್ತಿಲ್ಲ, ರಾತ್ರಿ ಪಹರೆಯಲ್ಲಿ ಒಮ್ಮೆಯೂ ಮನೆಯನ್ನು ನೆನೆದಿಲ್ಲ. ಹದಿನೇಳು ವರ್ಷದಲ್ಲಿ ಹಾಗಿದ್ದಿರಲು ಸಾಧ್ಯವಿಲ್ಲ ಎಂಬುದು ಕಟ್ಟೆಯ ಮೇಲೆ ಕೂತವರಿಗೆ ಗೊತ್ತಿರುತ್ತದೆ.

ಇಲ್ಲಿ ಇನ್ನೊಬ್ಬ ನಗೆಗಾರ ಜಾರ್ಜ್ ಕಾರ್ಲಿನ್‌ನನ್ನು ನೆನೆಯಬೇಕು. ಅಮೆರಿಕದ ವಾಯುಸೇನೆಗೆ 1954ರಲ್ಲಿ ಸೇರಿ ರೇಡಾರ್ ದುರಸ್ತಿಯ ಕೆಲಸ ಮಾಡಿದವನು. ಶಿಸ್ತು ಒಗ್ಗದೆ 1957ರಲ್ಲಿ ಹೊರಬಿದ್ದ. ಸೇವೆಯಲ್ಲಿರುವಾಗಲೇ ಲೂಸಿಯಾನಾದ ಶ್ರೀವ್‌ಪೋರ್ಟ್‌ನ ಒಂದು ರೇಡಿಯೋ ಕೇಂದ್ರದಲ್ಲಿ ಮೈಕು ಹಿಡಿದಿದ್ದ. ನಿನಗೆ ಅವನಿಂದ ಕಲಿಯಬೇಕಾದದ್ದು ಶಬ್ದಗಳನ್ನು ಕೇಳಿಸಿಕೊಳ್ಳುವ ಬಗೆ. ಮೊದಲ ಮಹಾಯುದ್ಧದಲ್ಲಿ ಸೈನಿಕನ ಮುರಿದ ಮನಸ್ಸಿಗೆ ‘ಶೆಲ್ ಶಾಕ್’ ಎಂಬ ಎರಡೇ ಪೆಟ್ಟಿನ ಹೆಸರಿತ್ತು. ಅದೇ ಕಾಯಿಲೆಗೆ ಎರಡನೆಯ ಯುದ್ಧದಲ್ಲಿ ಒಂದು ಹೆಸರು, ಕೊರಿಯಾದಲ್ಲಿ ಇನ್ನೊಂದು, ವಿಯೆಟ್ನಾಂ ನಂತರ ಮತ್ತೊಂದು ಬಂದು, ಹೆಸರು ಉದ್ದವಾಗುತ್ತ ಹೋದಂತೆ ಅದರೊಳಗಿನ ನೋವು ಕಾಣದಂತಾಯಿತು ಎಂದು ಅವನು ವೇದಿಕೆಯ ಮೇಲೆ ಹೆಜ್ಜೆಹೆಜ್ಜೆಯಾಗಿ ಬಿಚ್ಚಿಟ್ಟ. ಸಭೆ ನಗುತ್ತ ನಗುತ್ತ ಒಂದು ಹಂತದಲ್ಲಿ ಮೌನವಾಗುತ್ತದೆ. ಮಿಲಿಗನ್ ಅನುಭವಿಸಿದ್ದನ್ನು ಕಾರ್ಲಿನ್ ಶಬ್ದಕೋಶದಲ್ಲಿ ಹುಡುಕಿ ತೆಗೆದ ಎಂದು ನನಗೆ ಅನ್ನಿಸುತ್ತದೆ.

ನಿನ್ನ ಬಳಿಯೂ ಅಂಥ ಶಬ್ದಗಳ ರಾಶಿಯಿದೆ: ಫಾಲ್ ಇನ್, ಲಂಗರ್, ಬಡಾ ಖಾನಾ, ರಗಡಾ, ಉಸ್ತಾದ್, ಪಿಟ್ಠೂ. ಬಡಾ ಖಾನಾ ಎಂಬುದು ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಊಟವೂ ಹೌದು, ಹುಕುಮೂ ಹೌದು. ಸಂತೋಷಪಡಬೇಕೆಂದು ಆದೇಶ ಬಂದಾಗ ಮನುಷ್ಯ ಹೇಗೆ ಸಂತೋಷಪಡುತ್ತಾನೆ? ಇದನ್ನು ನೀನು ಕಂಡಿದ್ದೀಯ, ನಾನು ಕಂಡಿಲ್ಲ. ನೀನು ಈ ಶಬ್ದಗಳನ್ನು ಬಳಸಿದ ಕೂಡಲೇ ಬೆದರಿ, ಪಕ್ಕದಲ್ಲಿ ಅರ್ಥ ಕೊಟ್ಟು ಮುಂದೆ ಹೋಗಿದ್ದೀಯ. ಅರ್ಥ ಕೊಡಬೇಡ, ಪ್ರಸಂಗವನ್ನು ನಡೆಸು. ನಮ್ಮ ಶ್ರೀಕೃಷ್ಣ ಪಾರಿಜಾತದ ಬಯಲಾಟದಲ್ಲಿ ಭಾಗವತ ಕೇಳುತ್ತಾನೆ, ದೂತಿ ಉತ್ತರಿಸುತ್ತಾಳೆ. ಆ ಸವಾಲು ಜವಾಬಿನಲ್ಲೇ ನೋಡುವವನಿಗೆ ಎಲ್ಲವೂ ತಿಳಿಯುತ್ತದೆ, ವಿವರಿಸುವವನು ಬೇರೆ ಬೇಕಾಗುವುದಿಲ್ಲ. ರಾತ್ರಿಯಿಡೀ ಆ ಆಟ ನೋಡಿ ಬೆಳೆದ ನಾಡಿನವನು ನೀನು, ನಿನಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ಭಾಷೆಯ ಬಗ್ಗೆ ಇನ್ನೊಂದು ಮಾತು. ಬೆಂಗಳೂರಿನ ಕಾರ್ಯಕ್ರಮಗಳನ್ನು ಮೊಬೈಲಿನಲ್ಲಿ ನೋಡಿ ನೀನು ಆ ಕಡೆಯ ಮಾತನ್ನು ಅಲ್ಲಲ್ಲಿ ಎತ್ತಿಕೊಂಡಿದ್ದೀಯ. ಬಿಟ್ಟುಬಿಡು. ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಬೀಚಿಯವರು ಕನ್ನಡಕ್ಕೆ ತಿಂಮನನ್ನು ಕೊಟ್ಟರು. ಅವರ ನಗೆಯನ್ನು ವೇದಿಕೆಗೆ ತಂದ ಗಂಗಾವತಿ ಪ್ರಾಣೇಶ್ ಅವರು ಉತ್ತರ ಕರ್ನಾಟಕದ ಮಾತನ್ನು ನಾಡಿನ ಎಲ್ಲ ಮೂಲೆಯವರೂ ಕಿವಿಗೊಟ್ಟು ಕೇಳುವಂತೆ ಮಾಡಿದರು. ದಾರಿ ಸವೆದಿದೆ. ಕ್ಯಾಂಪಿನ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರದ ಆಚೀಚೆ ಓಡಾಡುವ ಹುಡುಗನ ಬಾಯಲ್ಲಿ ಮನೆಯ ಕನ್ನಡ, ಪೇಟೆಯ ಮರಾಠಿ, ಪರೇಡಿನ ಹಿಂದಿ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಮೂರರ ನಡುವೆ ಅವನು ಎಡವುವ ಜಾಗ ಯಾವುದೆಂದು ನಿನ್ನಷ್ಟು ಸರಿಯಾಗಿ ಬಲ್ಲವರು ಬರೆಯುವವರಲ್ಲಿ ಕಡಿಮೆ.

ಇನ್ನು ಅಭ್ಯಾಸ. ಡ್ರೂ ಕ್ಯಾರಿ ಎಂಬ ನಗೆಗಾರ 1980ರಲ್ಲಿ ಅಮೆರಿಕದ ಮರೀನ್ ದಳದ ಮೀಸಲು ಪಡೆಗೆ ಸೇರಿ ಆರು ವರ್ಷ ಇದ್ದ. ರೇಡಿಯೋದಲ್ಲಿದ್ದ ಗೆಳೆಯನೊಬ್ಬ ತನಗೆ ನಗೆಮಾತು ಬರೆದುಕೊಡಲು ಕೇಳಿದಾಗ ಅವನು ಮಾಡಿದ ಮೊದಲ ಕೆಲಸ, ಗ್ರಂಥಾಲಯಕ್ಕೆ ಹೋಗಿ ನಗೆ ಬರೆಯುವುದನ್ನು ಕಲಿಸುವ ಪುಸ್ತಕಗಳನ್ನು ತಂದದ್ದು. ಅದು 1985ರ ಸುಮಾರಿನ ಮಾತು. ಜಾನಿ ಕಾರ್ಸನ್‌ನ ದೊಡ್ಡ ದೂರದರ್ಶನ ಕಾರ್ಯಕ್ರಮದಲ್ಲಿ ನಿಲ್ಲುವ ಅವಕಾಶ ಸಿಕ್ಕಿದ್ದು 1991ರ ನವೆಂಬರಿನಲ್ಲಿ. ನಡುವಿನ ಆರು ವರ್ಷಗಳನ್ನು ಗಮನಿಸು. ಬಂದೂಕನ್ನು ಬಿಚ್ಚಿ ಜೋಡಿಸುವುದನ್ನು ಕಣ್ಣು ಮುಚ್ಚಿಕೊಂಡು ಮಾಡುವಷ್ಟು ಸಲ ಮಾಡಿದವನು ನೀನು, ಒಂದು ಸಾಲನ್ನು ಹತ್ತು ಸಲ ಬಿಚ್ಚಿ ಜೋಡಿಸಲು ಯಾಕೆ ಬೇಸರಪಡುತ್ತೀ? ಟ್ರಂಕಿನ ನಾಲ್ಕು ಸಾಲುಗಳಲ್ಲಿ “ತುಂಬಾ ತಮಾಷೆಯೆಂದರೆ” ಎಂದು ಆರಂಭಿಸಿದ್ದೀಯ. ಆ ಎರಡು ಶಬ್ದ ಹೋಗಲಿ. ಅವ್ವನ ಮಾತು ಕೊನೆಯಲ್ಲಿ ಬರಲಿ, ಅದರ ನಂತರ ನೀನು ಏನನ್ನೂ ಹೇಳಬೇಡ. ಬರೆದದ್ದನ್ನು ಗಟ್ಟಿಯಾಗಿ ಓದು, ಉಸಿರು ಎಲ್ಲಿ ಕಟ್ಟುತ್ತದೋ ಅಲ್ಲಿ ಸಾಲು ಮುರಿ.

ಕಾನೂನಿನ ವಿಷಯ ನನಗಿಂತ ನಿನಗೇ ಚೆನ್ನಾಗಿ ಗೊತ್ತು. 1923ರ ಅಧಿಕೃತ ರಹಸ್ಯಗಳ ಕಾಯ್ದೆ ನಿವೃತ್ತಿಯ ದಿನಕ್ಕೆ ಮುಗಿಯುವುದಿಲ್ಲ, ಆದ್ದರಿಂದ ಯಾವ ಘಟಕ ಎಲ್ಲಿತ್ತು, ಏನು ಮಾಡುತ್ತಿತ್ತು ಎಂಬುದು ಬರಹದಲ್ಲಿ ಬೇಡ. ನಗೆಗೆ ಅದು ಬೇಕಾಗುವುದೂ ಇಲ್ಲ. ಸಮವಸ್ತ್ರ ತೊಟ್ಟು ವೇದಿಕೆ ಹತ್ತಬೇಡ. ಜನ ಬಟ್ಟೆಗೆ ಚಪ್ಪಾಳೆ ಹೊಡೆಯುತ್ತಾರೆ, ನಿನ್ನ ಮಾತು ನಿಂತಿತೋ ಬಿತ್ತೋ ನಿನಗೆ ತಿಳಿಯುವುದೇ ಇಲ್ಲ. ಸಂಘಟಕರು ಒತ್ತಾಯಿಸುತ್ತಾರೆ, ಹೂಮಾಲೆ ಹಾಕಿ ಘೋಷಣೆ ಕೂಗಿಸುತ್ತಾರೆ. ಅದನ್ನು ಗೌರವದಿಂದ ಸ್ವೀಕರಿಸಿ, ಸಾದಾ ಅಂಗಿಯಲ್ಲಿ ಮೈಕಿನ ಬಳಿ ಹೋಗು.

ತೀರಿಹೋದ ಗೆಳೆಯನ ಬಗ್ಗೆ ಬರೆಯಬಹುದೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀಯ. ಅವನು ನಿದ್ದೆಯಲ್ಲಿ ಮನೆಯ ಎತ್ತುಗಳನ್ನು ಹೆಸರು ಹಿಡಿದು ಕರೆಯುತ್ತಿದ್ದ, ಇಡೀ ಬ್ಯಾರಕ್ಕಿಗೆ ಆ ಎತ್ತುಗಳ ಹೆಸರು ಬಾಯಿಪಾಠವಾಗಿತ್ತು ಎಂದು ಹಿಂದೊಮ್ಮೆ ನನಗೆ ಹೇಳಿದ್ದೆ. ಬರೆ. ಆದರೆ ವೇದಿಕೆಗೆ ಒಯ್ಯುವ ಮೊದಲು ಅವನ ಊರಿಗೆ ಹೋಗಿ, ಅವನ ತಾಯಿಯ ಎದುರು ಕೂತು ಓದು. ಆಕೆ ನಕ್ಕರೆ, ಅಥವಾ ಅತ್ತು ಆಮೇಲೆ ನಕ್ಕರೆ, ಅದು ಎಲ್ಲಿಯಾದರೂ ಹೇಳಬಹುದಾದ ಮಾತು. ಆಕೆ ಸುಮ್ಮನಾದರೆ ಆ ಪುಟವನ್ನು ಮಡಚಿ ನಿನ್ನ ಬಳಿಯೇ ಇಟ್ಟುಕೋ, ಯಾವ ಸಭೆಯ ಚಪ್ಪಾಳೆಗೂ ಅದನ್ನು ಹೊರಗೆ ತೆಗೆಯಬೇಡ.

ಬರುವ ತಿಂಗಳ ಎರಡನೆಯ ರವಿವಾರ ಮನೆಗೆ ಬಾ. ನಮ್ಮ ಓಣಿಯಲ್ಲಿ ಮೂವರು ನಿವೃತ್ತ ಸೈನಿಕರಿದ್ದಾರೆ, ಅವರನ್ನೂ ಚಹಾಕ್ಕೆ ಕರೆದಿದ್ದೇನೆ. ಮೂರು ಪುಟಕ್ಕಿಂತ ಹೆಚ್ಚು ತರಬೇಡ. ಆ ಟ್ರಂಕಿನಲ್ಲಿ ಎಷ್ಟು ಸೇರು ಜೋಳ ಹಿಡಿಯುತ್ತದೆ, ನಿನ್ನ ಹೆಸರಿನ ಬಿಳಿ ಬಣ್ಣ ಎಲ್ಲೆಲ್ಲಿ ಕಿತ್ತುಹೋಗಿದೆ ಎಂಬುದನ್ನು ಅವ್ವನನ್ನು ಕೇಳಿ, ಕಣ್ಣಾರೆ ನೋಡಿಕೊಂಡು ಬಾ.

ನಿನ್ನ
ಕಾಕಾ