ಕಲ್ಯಾಣ ಮಂಟಪದ ಕಸಕ್ಕೂ ಕರಾರಿನಲ್ಲಿ ಜಾಗವಿರಲಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವೈಶಾಖದಲ್ಲಿ ನನ್ನ ತಂಗಿಯ ಮಗಳ ಮದುವೆ ಮೈಸೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಮುಹೂರ್ತದ ಊಟದ ಕೊನೆಯ ಪಂಕ್ತಿ ಎದ್ದ ಮೇಲೆ, ಎಲ್ಲೋ ಮರೆತ ಸ್ಟೀಲ್ ಡಬ್ಬಿಯೊಂದನ್ನು ಹುಡುಕುತ್ತಾ ಊಟದ ಮನೆಗೆ ಹೋದಾಗ ನಾನು ಕಂಡದ್ದು ಈ ಪತ್ರಕ್ಕೆ ಕಾರಣ. ಕೆಲಸದ ಹುಡುಗರಿಬ್ಬರು ಮೇಜಿನ ಮೇಲೆ ಹಾಸಿದ್ದ ಪೇಪರ್ ರೋಲನ್ನು ಒಂದು ತುದಿಯಿಂದ ಹಿಡಿದು, ಅದರ ಮೇಲಿದ್ದ ಬಾಳೆ ಎಲೆ, ಮಿಕ್ಕ ಅನ್ನ, ಅರ್ಧ ಕುಡಿದ ನೀರಿನ ಬಾಟಲಿ, ಐಸ್‌ಕ್ರೀಂ ಕಪ್ಪು, ಚಮಚ ಎಲ್ಲವನ್ನೂ ಸೇರಿಸಿ ಚಾಪೆ ಸುತ್ತುವಂತೆ ಸುತ್ತುತ್ತಾ ಹೋಗಿ, ಆ ಸುರುಳಿಯನ್ನು ಹಾಗೆಯೇ ಕಪ್ಪು ಚೀಲಕ್ಕೆ ತುಂಬುತ್ತಿದ್ದರು. ಒಂದು ಸಾಲಿನ ಮೇಜು ಖಾಲಿಯಾಗಲು ಎರಡು ನಿಮಿಷವೂ ಬೇಕಾಗಲಿಲ್ಲ. ಬೆಳಿಗ್ಗೆ ದೇವರಾಜ ಮಾರುಕಟ್ಟೆಯಿಂದ ಬಂದಿದ್ದ ಆ ಎಲೆಗಳನ್ನು ತಿಪ್ಪೆಗೆ ಹಾಕಿದ್ದರೆ ಕೆಲವೇ ತಿಂಗಳುಗಳಲ್ಲಿ ಗೊಬ್ಬರವಾಗುತ್ತಿದ್ದವು. ಬಾಟಲಿಗಳನ್ನು ಬೇರೆ ಇಟ್ಟಿದ್ದರೆ ಗುಜರಿಯವರು ಕೊಳ್ಳುತ್ತಿದ್ದರು. ಒಂದೇ ಸುರುಳಿಯಲ್ಲಿ ಸೇರಿದ ಮೇಲೆ ಎರಡೂ ಯಾರಿಗೂ ಬೇಡವಾದವು.

ಸಮಾರಂಭಗಳ ಕಸದ ಮಾತು ಬಂದಾಗಲೆಲ್ಲ ಬುದ್ಧಿವಾದವು ಉಣ್ಣುವವರ ಪಾಲಿಗೇ ಬರುತ್ತದೆ. ಅನ್ನ ಚೆಲ್ಲಬೇಡಿರೆಂದು ಗೋಡೆಗೆ ಫಲಕ ಹಾಕಿ, ಅದರ ಕೆಳಗೇ ಅತಿಥಿ ಬಂದು ಕೂರುವ ಮೊದಲೇ ಹತ್ತು ಹದಿನೈದು ಬಗೆಯನ್ನು ಎಲೆಗೆ ಬಡಿಸಿಟ್ಟಿರುತ್ತಾರೆ. ಎಷ್ಟು ಬೇಯಿಸಬೇಕು, ಯಾವುದರಲ್ಲಿ ಬಡಿಸಬೇಕು, ನೀರು ಹೇಗೆ ಕೊಡಬೇಕು, ಮಿಕ್ಕದ್ದು ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಮದುವೆಗೆ ಮೂರು ನಾಲ್ಕು ತಿಂಗಳು ಮುಂಚೆ, ಮುಂಗಡ ಕೊಟ್ಟು ಕರಾರಿಗೆ ರುಜು ಹಾಕುವ ದಿನವೇ ತೀರ್ಮಾನವಾಗಿರುತ್ತದೆ. ಹೀಗಾಗಿ ಪರಿಸರಕ್ಕೆ ಹಗುರಾದ ಊಟದ ವ್ಯವಸ್ಥೆ ಬೇಕಿದ್ದರೆ ಮಂಟಪದವರೊಡನೆಯೂ ಅಡುಗೆ ಗುತ್ತಿಗೆದಾರರೊಡನೆಯೂ ನಾವು ಮಾಡಿಕೊಳ್ಳುವ ಕರಾರನ್ನು ತಿದ್ದಬೇಕೆಂಬುದು ನನ್ನ ವಾದ.

ನಮ್ಮ ಕಡೆ ಅಡುಗೆಯ ದರವನ್ನು ಎಲೆಯ ಲೆಕ್ಕದಲ್ಲಿ ಹೇಳುವುದು ರೂಢಿ: ತಿಂಡಿಗೆ ಇಷ್ಟು, ಊಟದ ಎಲೆಗೆ ಇಷ್ಟು, ಕನಿಷ್ಠ ಇಷ್ಟು ಎಲೆ ಎಂದು ಮೊದಲೇ ಒಪ್ಪಿಕೊಳ್ಳಬೇಕು. ಇಲ್ಲಿ ನಮ್ಮಂಥವರು ಮಾಡುವ ತಪ್ಪೊಂದಿದೆ. ಐನೂರು ಮನೆಗೆ ಲಗ್ನಪತ್ರಿಕೆ ಹಂಚಿದ ಮೇಲೆ, ಹಿಂದಿನ ಸಂಜೆಯ ಆರತಕ್ಷತೆಗೂ ಮಾರನೆಯ ದಿನದ ಮುಹೂರ್ತಕ್ಕೂ ಅದೇ ಪಟ್ಟಿಯನ್ನು ಹಿಡಿದು ಎಲೆ ಬರೆಸುತ್ತೇವೆ; ಆದರೆ ಊರಿನಲ್ಲೇ ಇರುವ ಸ್ನೇಹಿತರು, ಕಚೇರಿಯವರು ಎರಡರಲ್ಲಿ ಒಂದಕ್ಕೆ ಮಾತ್ರ ಬರುತ್ತಾರೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಊಟ ಸಾಲದೆ ಹೋದರೆ ಮಾನ ಹೋಗುತ್ತದೆ, ಮಿಕ್ಕರೆ ಹಣ ಮಾತ್ರ ಹೋಗುತ್ತದೆ ಎಂಬ ಭಯ ಅದರ ಹಿಂದಿದೆ. ನಮ್ಮ ಮನೆಯ ಮದುವೆಯಲ್ಲಿ ಮುಹೂರ್ತಕ್ಕೆ ನಾನೂರೈವತ್ತು ಎಲೆ ಬರೆಸಿದ್ದೆವು. ಬಿದ್ದದ್ದು ಮುನ್ನೂರ ಹತ್ತು. ಮಿಕ್ಕ ನೂರ ನಲವತ್ತು ಎಲೆಯ ಹಣ ಹೋದದ್ದಿರಲಿ, ಅಷ್ಟಕ್ಕೆ ಬೆಂದ ಬಿಸಿಬೇಳೆಬಾತ್, ಕೂಟು, ಪಾಯಸ ಹಂಡೆಗಳಲ್ಲೇ ಉಳಿದಿದ್ದವು. ಎರಡು ಹೊತ್ತಿಗೂ ಬೇರೆ ಬೇರೆ ಪಟ್ಟಿ ಮಾಡಿ, ಅನ್ನವನ್ನು ಒಮ್ಮೆಗೇ ಬೇಯಿಸದೆ ಪಂಕ್ತಿ ನೋಡಿಕೊಂಡು ಎರಡನೆಯ ಒಲೆಗೆ ಅಕ್ಕಿ ಹಾಕುವಂತೆ ಕರಾರಿನಲ್ಲೇ ಬರೆದುಕೊಳ್ಳಲು ಸಾಧ್ಯವಿದೆ. ನುರಿತ ಅಡುಗೆಯವರಿಗೆ ಇದು ಹೊಸದಲ್ಲ. ಹಿಂದೆ ಉಗ್ರಾಣ ನೋಡಿಕೊಳ್ಳುತ್ತಿದ್ದ ಹಿರಿಯರು ಬಾಗಿಲಲ್ಲಿ ನಿಂತು ತಲೆ ಎಣಿಸಿ ಒಳಗೆ ಹೇಳಿ ಕಳಿಸುತ್ತಿದ್ದುದೂ ಇದನ್ನೇ.

ಇದು ನಮ್ಮೂರಿನ ಕೊರತೆ ಮಾತ್ರವಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಾದ್ಯಂತ ಸುಮಾರು 105 ಕೋಟಿ ಟನ್ ಆಹಾರ ಕಸಕ್ಕೆ ಸೇರಿತು; ಅದರಲ್ಲಿ ಶೇ 60ರಷ್ಟು ಮನೆಗಳದಾದರೆ, ಶೇ 28ರಷ್ಟು ಹೋಟೆಲು, ಕ್ಯಾಂಟೀನು, ಕೇಟರಿಂಗ್‌ನಂಥ ಊಟ ಒದಗಿಸುವ ಕಡೆಗಳದು. ರಾಶಿಯ ಅಡಿಯಲ್ಲಿ ಗಾಳಿ ಸೋಕದೆ ಕೊಳೆಯುವ ಅನ್ನದಿಂದ ಮೀಥೇನ್ ಅನಿಲ ಹೊರಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಊರಿನ ಕಸ ಸೇರುವ ವಿದ್ಯಾರಣ್ಯಪುರಂನ ಸೂಯೆಜ್ ಫಾರಂ ಸುತ್ತಮುತ್ತಲಿನ ನಿವಾಸಿಗಳಿಗೆ ಕಸ ಕೊಳೆಯುವುದನ್ನು ಅಂಕಿ ಅಂಶದ ಮೂಲಕ ತಿಳಿಸಬೇಕಾಗಿಲ್ಲ. ಗಾಳಿ ಬೀಸುವ ದಿಕ್ಕು ಬದಲಾದರೆ ಸಾಕು.

ಇನ್ನು ನೀರಿನ ಬಾಟಲಿಯ ವಿಷಯ. ಮಂಟಪ ಗೊತ್ತು ಮಾಡುವಾಗ ಸ್ಟೀಲ್ ಲೋಟಗಳಲ್ಲಿ ನೀರು ಕೊಡುತ್ತೇವೆಂದು ನಾನು ಹೇಳಿದ್ದಕ್ಕೆ, ಅಲ್ಲಿನ ಮ್ಯಾನೇಜರು ನಗುತ್ತಲೇ, “ಅಮ್ಮಾ, ಈಗ ಲೋಟದಲ್ಲಿ ಕೊಟ್ರೆ ಯಾರೂ ಕುಡಿಯಲ್ಲ, ಬಾಟ್ಲು ನಮ್ಮ ಕಡೆಯವರೇ ಸಪ್ಲೈ ಮಾಡ್ತಾರೆ” ಎಂದರು. ಕೊನೆಗೆ ಅವರ ಮಾತೇ ನಡೆಯಿತು. ಮದುವೆಯ ಸಂಜೆ ನಾನೂ ನನ್ನ ಇಬ್ಬರು ಸೋದರಳಿಯಂದಿರೂ ಹಟ ಹಿಡಿದು, ಸುರುಳಿಗೆ ಇನ್ನೂ ಸೇರದೆ ಉಳಿದಿದ್ದ ಬಾಟಲಿಗಳ ಮುಚ್ಚಳ ತೆಗೆದು ನೀರನ್ನು ಬಕೆಟ್ಟಿಗೆ ಸುರಿದೆವು. ಒಂದೆರಡು ಗುಟುಕು ಕುಡಿದು ಬಿಟ್ಟ ಬಾಟಲಿಗಳ ನೀರಿನಿಂದಲೇ ನಾಲ್ಕು ಬಕೆಟ್ ತುಂಬಿತು. ಮಂಟಪದ ಮುಂದಿನ ಹೊಂಗೆ ಗಿಡಗಳಿಗೆ ಹೊಯ್ದೆವು. ಕನ್ನಂಬಾಡಿ ಕಟ್ಟೆಯ ಮಗ್ಗುಲಲ್ಲೇ ಇರುವ, ಹೊಂಗಳ್ಳಿ ಮತ್ತು ಬೆಳಗೊಳದಿಂದ ಕಾವೇರಿ ನೀರನ್ನು ತರಿಸಿಕೊಂಡು ಕುಡಿಯುವ ಈ ಊರಿನಲ್ಲಿ, ಕಾಲು ಲೀಟರು ನೀರಿಗೆ ಒಂದು ಪ್ಲಾಸ್ಟಿಕ್ ಸೀಸೆ ಬೇಕಾಗಿರುವುದು ನನಗಂತೂ ವಿಚಿತ್ರವಾಗಿ ತೋರುತ್ತದೆ. ಲೋಟ ತೊಳೆಯಲು ನೀರು ಖರ್ಚಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಖರ್ಚಾಗುತ್ತದೆ, ಆದರೆ ಸೋಪಿನ ನೀರು, ತಿಳಿ ನೀರು, ಕುದಿ ನೀರು ಎಂದು ಮೂರು ತೊಟ್ಟಿಗಳಲ್ಲಿ ಅದ್ದಿ ತೆಗೆಯುವ ಹಳೆಯ ಪದ್ಧತಿಯಲ್ಲಿ ನೂರಾರು ಲೋಟಗಳಿಗೆ ಬೇಕಾಗುವ ನೀರು, ನಾವು ಆ ಸಂಜೆ ಸುರಿದದ್ದಕ್ಕಿಂತ ಬಹಳ ಹೆಚ್ಚೇನೂ ಅಲ್ಲ.

ನಾನು ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಹಾಗಾಗಿ ಆ ಮದುವೆಯಿಂದ ಎರಡು ವಸ್ತುಗಳನ್ನು ಮನೆಗೆ ತಂದು ಪರೀಕ್ಷಿಸಿದೆ. ಯಾರು ಬೇಕಾದರೂ ಮಾಡಿ ನೋಡಬಹುದು. ಮೊದಲನೆಯದು, ಆರತಕ್ಷತೆಯ ದಿನ ಬಾಳೆ ಎಲೆಗೆ ಬದಲಾಗಿ ಹಾಕಿದ್ದ, ಎಲೆಯಂತೆಯೇ ಹಸಿರು ಬಣ್ಣ ಬಳಿದು ನರಗಳ ಗೆರೆಯನ್ನೂ ಮುದ್ರಿಸಿದ ಪೇಪರ್ ಎಲೆ. ಅದರ ಒಂದು ತುಂಡನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಉಜ್ಜಿದಾಗ, ಕಾಗದವೆಲ್ಲ ಮುದ್ದೆಯಾಗಿ ಬಿಟ್ಟುಕೊಂಡು, ಈರುಳ್ಳಿ ಪೊರೆಯಂಥ ತೆಳು ಪ್ಲಾಸ್ಟಿಕ್ ಹಾಳೆಯೊಂದು ಇಡಿಯಾಗಿ ಕೈಗೆ ಬಂತು. ಕಾಫಿ ಕೊಡುವ ಕಾಗದದ ಲೋಟದ ಒಳಗೂ ಇಂಥದೇ ಪೊರೆ ಇರುತ್ತದೆ. ಎರಡನೆಯದು ತಾಂಬೂಲದ ಚೀಲ. ಬಟ್ಟೆಯ ಚೀಲ ಕೊಟ್ಟೆವೆಂದು ನನ್ನ ತಂಗಿ ಸಂತೋಷದಲ್ಲಿದ್ದಳು. ಚೀಲದ ಅಂಚನ್ನು ದೀಪಕ್ಕೆ ಹಿಡಿದಾಗ ಅದು ಹತ್ತಿಯಂತೆ ಉರಿದು ಬೂದಿಯಾಗಲಿಲ್ಲ. ಮುದುಡಿ, ಕರಗಿ, ತೊಟ್ಟಿಕ್ಕಿ, ಆರಿದ ಮೇಲೆ ಗಟ್ಟಿ ಮಣಿಯಾಯಿತು. ನಾನ್ ವೋವನ್ ಎಂದು ಕರೆಸಿಕೊಳ್ಳುವ ಈ ಬಟ್ಟೆ ನೇಯ್ದದ್ದಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಒತ್ತಿ ಅಂಟಿಸಿದ್ದು. ಕೊಟ್ಟವರಿಗೂ ಕೊಂಡವರಿಗೂ ಪ್ಲಾಸ್ಟಿಕ್ಕೆಂದು ಗೊತ್ತಾಗದಂತೆ ಬರುವ ಇಂಥ ವಸ್ತುಗಳೇ ಇಂದು ಸಮಾರಂಭಗಳಲ್ಲಿ ಹೆಚ್ಚು.

ಕಾನೂನು ಇಲ್ಲವೆಂದಲ್ಲ. 2016ರ ಮಾರ್ಚ್‌ನಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚಗಳ ಜೊತೆಗೆ ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ಹೆಸರಿಸಿ ನಿಷೇಧಿಸಿತು. ಚದರ ಮೀಟರಿಗೆ 60 ಗ್ರಾಂಗಿಂತ ತೆಳುವಾದ ನಾನ್ ವೋವನ್ ಕೈಚೀಲಗಳನ್ನು ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 30ರಿಂದ ತಡೆಯಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಮುಂತಾದವುಗಳಿಗೆ ದೇಶದಾದ್ಯಂತ ನಿಷೇಧ ಬಂತು. ನೀರಿನ ಬಾಟಲಿ ಆ ಪಟ್ಟಿಯಲ್ಲಿ ಸೇರಲಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಂತೂ, ಪರವಾನಗಿ ಇಲ್ಲದ ಸ್ಥಳದಲ್ಲಿ ನೂರಕ್ಕಿಂತ ಹೆಚ್ಚು ಜನರನ್ನು ಸೇರಿಸುವವರು ಮೂರು ಕೆಲಸದ ದಿನಗಳ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಅಲ್ಲಿಯೇ ವಿಂಗಡಿಸಿ ಕೊಡಬೇಕು ಎಂದು ಹೇಳಲಾಗಿತ್ತು. ಮನೆಯ ಮುಂದೆ ಚಪ್ಪರ ಹಾಕಿ ಬೀಗರ ಔತಣ ಮಾಡುವ ಮಂಡ್ಯದ ಕಡೆಯ ಯಾರಾದರೂ ಹೀಗೆ ಅರ್ಜಿ ಕೊಟ್ಟದ್ದನ್ನು ನಾನು ಕೇಳಿಲ್ಲ. ಕೊಟ್ಟರೆ ಅದನ್ನು ತೆಗೆದುಕೊಳ್ಳುವವರು ಯಾವ ಮೇಜಿನಲ್ಲಿ ಕುಳಿತಿರುತ್ತಾರೆಂಬುದನ್ನೂ ಕೇಳಿಲ್ಲ.

ನಿಯಮಗಳು ತಲುಪದ ಕಡೆ ಬಿಲ್ಲು ತಲುಪುತ್ತದೆಂಬ ನಂಬಿಕೆ ನನ್ನದು. ಮಂಟಪದ ಬಿಲ್ಲಿನಲ್ಲಿ ವಿದ್ಯುತ್ತಿಗೆ ಯೂನಿಟ್ಟಿನ ಲೆಕ್ಕವಿತ್ತು, ಗ್ಯಾಸಿಗೆ ಸಿಲಿಂಡರಿನ ಲೆಕ್ಕವಿತ್ತು. ಕಸಕ್ಕೆ ಮಾತ್ರ ‘ಕ್ಲೀನಿಂಗ್ ಚಾರ್ಜ್’ ಎಂಬ ಒಂದೇ ಮೊತ್ತ. ಒಂದು ಚೀಲ ಕಸ ಮಾಡಿದರೂ ನಲವತ್ತು ಚೀಲ ಮಾಡಿದರೂ ದರ ಒಂದೇ ಆದಾಗ, ಕಡಿಮೆ ಮಾಡುವ ಯೋಚನೆ ಯಾರಿಗೆ ತಾನೇ ಬಂದೀತು? ಹಸಿ ಕಸ, ಒಣ ಕಸಗಳನ್ನು ಬೇರೆಯಾಗಿ ತೂಗಿ, ವಿಂಗಡಿಸಿ ಕೊಟ್ಟದ್ದಕ್ಕೆ ಕಡಿಮೆ ದರ, ಬೆರೆಸಿ ಕೊಟ್ಟದ್ದಕ್ಕೆ ನಾಲ್ಕು ಪಟ್ಟು ದರ ಎಂದು ಮಂಟಪಗಳ ಪರವಾನಗಿ ನವೀಕರಿಸುವಾಗಲೇ ಮಹಾನಗರ ಪಾಲಿಕೆ ಷರತ್ತು ಹಾಕಲಿ. ಕುಡಿಯುವ ನೀರಿನ ಶುದ್ಧೀಕರಣ ಯಂತ್ರ, ಒಂದು ಪಂಕ್ತಿಗೆ ಸಾಲುವಷ್ಟು ಸ್ಟೀಲ್ ಲೋಟ, ತೊಳೆಯುವ ಕಟ್ಟೆ ಇವು ಮಂಟಪದ ಸೌಕರ್ಯಗಳಲ್ಲೇ ಸೇರಲಿ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆಯು ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟಗಳನ್ನು ಒದಗಿಸುವ ‘ಪ್ಲೇಟ್ ಬ್ಯಾಂಕ್’ ನಡೆಸುತ್ತಿದೆ. ನಮ್ಮ ಹಳ್ಳಿಗಳಿಗೆ ಈ ವಿಚಾರ ಹಳೆಯದು: ನನ್ನ ತವರೂರಿನಲ್ಲಿ ದೇವಸ್ಥಾನದ ಕೋಣೆಯಲ್ಲಿ ಹಂಡೆ, ಕೊಳಗ, ಲೋಟಗಳನ್ನು ಇಟ್ಟಿರುತ್ತಿದ್ದರು, ಯಾರ ಮನೆಯ ಕಾರ್ಯವಾದರೂ ಎಣಿಸಿ ಒಯ್ದು, ಬೆಳಗಿ, ಎಣಿಸಿ ಒಪ್ಪಿಸಬೇಕಾಗಿತ್ತು.

ಎಲೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಕಬ್ಬಿನ ಸಿಪ್ಪೆಯಿಂದ ಮಾಡಿದ ತಟ್ಟೆಗಳು ಈಗ ಬಂದಿವೆ, ಸಕ್ಕರೆಯ ಜಿಲ್ಲೆಯಾದ ಮಂಡ್ಯದಲ್ಲಿ ಅವುಗಳಿಗೆ ಒಲವು ಹೆಚ್ಚಿರುವುದೂ ಸಹಜ. ಆದರೆ ಬಾಳೆ ಎಲೆ ಸಿಗುವ ಕಡೆ, ಬೀಗರೂಟಕ್ಕೆ ಮುತ್ತುಗದ ಇಸ್ತ್ರಿ ಎಲೆ ಸಿಗುವ ಕಡೆ, ಕಾರ್ಖಾನೆಯಲ್ಲಿ ಒತ್ತಿದ ತಟ್ಟೆ ಏಕೆ ಬೇಕೆಂಬುದು ನನಗೆ ತಿಳಿಯದು. ಮುಹೂರ್ತಗಳು ಒತ್ತಾಗಿ ಬಂದ ದಿನ ಎಲೆಯ ಬೆಲೆ ಏರುತ್ತದೆಂಬುದು ನಿಜ. ಹಾಗೆ ಏರಿದ ಹಣ ನಂಜನಗೂಡು, ಶ್ರೀರಂಗಪಟ್ಟಣದ ಕಡೆಯ ತೋಟದವರಿಗೆ ಸೇರಿದರೆ ನನಗೇನೂ ಬೇಸರವಿಲ್ಲ.

ಹಂಡೆಯಲ್ಲೇ ಉಳಿದ ಆಹಾರದ ಬಗ್ಗೆ ಒಂದು ಮಾತು. ಅದನ್ನು ಬೇರೆಯವರಿಗೆ ಹಂಚುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರವು 2019ರಲ್ಲೇ ಪ್ರತ್ಯೇಕ ನಿಯಮಾವಳಿ ತಂದಿದೆ. ಆದರೆ ಎಲ್ಲ ಮುಗಿದು, ಛತ್ರ ಬಿಡುವ ಹೊತ್ತಿಗೆ ಯಾರಿಗೋ ಫೋನು ಮಾಡಿ “ಬಂದು ತಗೊಂಡು ಹೋಗಿ” ಎನ್ನುವುದು ದಾನವೂ ಅಲ್ಲ, ಕ್ಷೇಮವೂ ಅಲ್ಲ. ತೆಂಗಿನ ಕಾಯಿಯ ಚಟ್ನಿ, ಹಾಲಿನ ಪಾಯಸ, ಕೋಸಂಬರಿಗಳು ವೈಶಾಖದ ಸೆಕೆಗೆ ಸಂಜೆಯವರೆಗೆ ತಡೆಯುವುದಿಲ್ಲ. ಬಿಸಿಯಾಗಿಯೇ ಇರುವ ಅನ್ನ, ಸಾರು, ಬಾತ್‌ಗಳನ್ನು ಕೊನೆಯ ಪಂಕ್ತಿ ಕೂರುವ ಹೊತ್ತಿಗೇ ಮುಚ್ಚಿದ ಪಾತ್ರೆಗಳಲ್ಲಿ ತೆಗೆದಿರಿಸಿ ಕಳುಹಿಸಬೇಕು. ಯಾರಿಗೆ ಎಂಬುದನ್ನು ಹಿಂದಿನ ದಿನವೇ ಮಾತನಾಡಿಕೊಂಡಿರಬೇಕು, ಒಯ್ಯುವ ಆಟೋದ ಬಾಡಿಗೆಯನ್ನೂ ಮದುವೆ ಮನೆಯವರೇ ಕೊಡಬೇಕು. ಹಾಗೆಯೇ ಕರಿದ ಎಣ್ಣೆ: ಅದರಲ್ಲಿ ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ 25 ಮೀರಿದರೆ ಮತ್ತೆ ಅಡುಗೆಗೆ ಬಳಸಬಾರದೆಂಬ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ, ಅಂಥ ಎಣ್ಣೆಯನ್ನು ಬಯೋಡೀಸೆಲ್ ಮಾಡಲು ಕೊಡುವುದಕ್ಕೂ ವ್ಯವಸ್ಥೆಯಿದೆ. ಹೀಗಿದ್ದೂ ನಮ್ಮ ಮಂಟಪದ ಹಿತ್ತಿಲಿನ ಚರಂಡಿಯ ಬಾಯಿ ಎಣ್ಣೆ ಜಿಡ್ಡಿನಿಂದ ಹೆಪ್ಪುಗಟ್ಟಿತ್ತು.

2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೊದಲ ಸ್ಥಾನ ಪಡೆದ ಊರು ನಮ್ಮದು. ಮನೆ ಮನೆಯ ಕಸವನ್ನು ಬೇರ್ಪಡಿಸುವುದನ್ನು ಕಲಿತ ಜನರೇ ಮಂಟಪದ ಹೊಸ್ತಿಲು ದಾಟಿದೊಡನೆ ಅದನ್ನು ಮರೆಯುವುದಕ್ಕೆ, ಅಲ್ಲಿ ಕಸ ಯಾರದ್ದೂ ಆಗಿರುವುದಿಲ್ಲ ಎಂಬುದನ್ನು ಬಿಟ್ಟರೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಬರುವ ಮಾಘದಲ್ಲಿ ನನ್ನ ಅಣ್ಣನ ಮಗನ ಮದುವೆ ಮಂಡ್ಯದಲ್ಲಿ ನಿಶ್ಚಯವಾಗಿದೆ. ಈ ಬಾರಿ ಆರತಕ್ಷತೆಗೂ ಮುಹೂರ್ತಕ್ಕೂ ಎರಡು ಬೇರೆ ಪಟ್ಟಿ, ಬಾಟಲಿಯ ಬದಲು ಲೋಟ, ತಾಂಬೂಲಕ್ಕೆ ಹತ್ತಿ ಬಟ್ಟೆಯ ಚೀಲ, ಎಲೆಗಳನ್ನು ಬೇರೆಯಾಗಿ ಎತ್ತಿ ನಮ್ಮ ತೋಟದ ಗುಂಡಿಗೆ ಸಾಗಿಸಲು ಒಂದು ಟ್ರ್ಯಾಕ್ಟರು ಎಂದು ಕರಾರಿನಲ್ಲಿ ಬರೆಸಿದ್ದೇವೆ. ಮೇಜಿನ ಪೇಪರ್ ರೋಲನ್ನು ಬಿಡಲು ಮಾತ್ರ ಗುತ್ತಿಗೆದಾರರು ಇನ್ನೂ ಒಪ್ಪಿಲ್ಲ; ಮೇಜು ಒರೆಸಲು ಪಂಕ್ತಿಗೆ ಇಬ್ಬರು ಆಳು ಹೆಚ್ಚು ಬೇಕಾಗುತ್ತದೆಂಬುದು ಅವರ ತಕರಾರು. ಆ ಇಬ್ಬರ ಕೂಲಿಯನ್ನು ನಾವೇ ಕೊಡುತ್ತೇವೆಂದು ಹೇಳಿ ಕಳುಹಿಸಿದ್ದೇನೆ.

ಇಂತಿ,
ನಿವೃತ್ತ ಶಿಕ್ಷಕಿ
ಕುವೆಂಪುನಗರ, ಮೈಸೂರು